ಅಪರಾಧಕಥೆಯ ಆಟವೂ ವಿಮರ್ಶಕರ ತೂಕವೂ

ವಿಡಿಯೋ ಗೇಮುಗಳು ಈ ಪತ್ರಿಕೆಯಲ್ಲಿ ವಿಚಾರಾರ್ಹವೇ ಎಂದು ವಾಚಕಮಹಾಶಯರಲ್ಲಿ ಕೆಲವರು ಶಂಕಿಸಬಹುದು. ಇತಿವೃತ್ತವೂ ನಾಯಕನೂ ಫಲಾಗಮವೂ ಎಲ್ಲಿ ಉಂಟೋ ಅಲ್ಲಿ ರೂಪಕಪರೀಕ್ಷೆಗೆ ಅವಕಾಶವುಂಟೆಂಬುದೇ ನಮ್ಮ ಪಕ್ಷ. ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನಲ್ಲಿ ನಮ್ಮ ಶಿಷ್ಯನೊಬ್ಬನು ಮೊಬೈಲಿನಲ್ಲಿ ‘ಗ್ರ್ಯಾಂಡ್ ಥೆಫ್ಟ್ ಆಟೋ: ಚೈನಾಟೌನ್ ವಾರ್ಸ್’ ಎಂಬ ಆಟವನ್ನು ಆಡುತ್ತಿದ್ದುದನ್ನು ಕಂಡ ಮೇಲೆ, ಅದಕ್ಕೆ ದೊರೆತ ವಿಮರ್ಶೆಗಳನ್ನು ಓದಿ ನೋಡುವ ಇಚ್ಛೆಯು ನಮಗುಂಟಾಯಿತು.

ಈ ಆಟವು 2009ನೆಯ ಮಾರ್ಚಿ ತಿಂಗಳಿನಲ್ಲಿ ನಿಂಟೆಂಡೋ ಡಿಎಸ್ ಎಂಬ, ಕೈಯಲ್ಲಿ ಹಿಡಿದಾಡುವ ಎರಡು ತೆರೆಗಳ ಯಂತ್ರಕ್ಕಾಗಿ ಹೊರಬಂದಿತು. ಹುವಾಂಗ್ ಲೀ ಎಂಬ ತರುಣನು ಹತನಾದ ತಂದೆಯ ಖಡ್ಗವನ್ನು ಚಿಕ್ಕಪ್ಪನಿಗೆ ಒಪ್ಪಿಸಲು ಲಿಬರ್ಟಿ ಸಿಟಿಗೆ ಬರುವನು; ಕಡೆಗೆ ಪಿತೃಹಂತಕನು ಆ ಚಿಕ್ಕಪ್ಪನೇ ಎಂದು ಹೊರಬೀಳುವುದು. ನಗರವನ್ನು ಆಕಾಶದಿಂದ ನೋಡಿದಂತೆ ಚಿತ್ರಿಸಿದೆ. ವಿಮರ್ಶಕರು ಇದನ್ನು ಮುಕ್ತಕಂಠದಿಂದ ಹೊಗಳಿದರು. ಮೆಟಾಕ್ರಿಟಿಕ್ ಎಂಬ ಸಂಸ್ಥೆಯ ಗಣನೆಯಲ್ಲಿ ನೂರಕ್ಕೆ 93 ಅಂಕಗಳು ಬಂದವು. ಆದರೆ ಅಮೆರಿಕದಲ್ಲಿ ಮೊದಲ ತಿಂಗಳು ಮಾರಾಟವಾದ ಪ್ರತಿಗಳು 90,000ಕ್ಕೂ ಕಡಮೆ.

ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಭಾವಕರನ್ನು ನಾಲ್ಕು ಬಗೆಯಾಗಿ ವಿಂಗಡಿಸಿರುವನಷ್ಟೆ. ಅವರಲ್ಲಿ ಸತೃಣಾಭ್ಯವಹಾರಿಯು ಅನ್ನದೊಡನೆ ಹುಲ್ಲನ್ನೂ ನುಂಗುವವನು. ಈ ಆಟದ ವಿಮರ್ಶಕರು ಆ ವರ್ಗದವರಲ್ಲ. ಕಿರಿದಾದ ಯಂತ್ರದಲ್ಲಿ ಹಿರಿದಾದ ನಗರವನ್ನು ಅಡಕಗೊಳಿಸಿದ ಕೌಶಲವನ್ನು ಅವರು ಸರಿಯಾಗಿಯೇ ಗುರುತಿಸಿದರು. ಆದರೆ ಆರು ಬಗೆಯ ಮಾದಕದ್ರವ್ಯಗಳನ್ನು ಅಗ್ಗಕ್ಕೆ ಕೊಂಡು ತುಟ್ಟಿಗೆ ಮಾರುವ ವ್ಯವಹಾರವನ್ನೂ ಅವರಲ್ಲಿ ಅನೇಕರು ಆಟದ ಗುಣವೆಂದೇ ಎಣಿಸಿದರು. ಇಲ್ಲಿಯೇ ನಮ್ಮ ಆಕ್ಷೇಪವಿರುವುದು. ನಾಟಕದಲ್ಲಿ ಖಳನ ಕೃತ್ಯವನ್ನು ಸಹೃದಯನು ನೋಡುವನೇ ಹೊರತು ಮಾಡುವನಲ್ಲ; ಸಾಧಾರಣೀಕರಣದ ಬಲದಿಂದ ಅದು ಅವನ ಸ್ವಂತದ್ದಾಗದೆ ರಸಕ್ಕೆ ಅಂಗವಾಗುವುದು. ಈ ಆಟದಲ್ಲಾದರೋ, ಕಾರನ್ನು ಕದಿಯಲು ತೆರೆಯ ಮೇಲೆ ತಿರುಪುಳಿಯನ್ನು ತಿರುಗಿಸುವ ಕೈಯು ಸಹೃದಯನದೇ. ಪ್ರೇಕ್ಷಕನೇ ಕರ್ತೃವಾದಾಗ ರಸವಿಚಾರವು ಹಳೆಯ ದಾರಿಯಲ್ಲಿಯೇ ನಡೆಯಬಲ್ಲುದೇ? ಆಟವನ್ನು ನಿಷೇಧಿಸಬೇಕೆಂದು ನಾವು ಹೇಳುತ್ತಿಲ್ಲ. ಈ ಪ್ರಶ್ನೆಯನ್ನೆತ್ತದೆ 93 ಅಂಕಗಳನ್ನು ಕೊಟ್ಟುದು ಅವಸರದ ತೂಕವೆಂಬುದಿಷ್ಟೇ ನಮ್ಮ ಮಾತು.

ನಮ್ಮ ಸೀಮೆಯ ಹೆಸರನ್ನೇ ಹೊತ್ತ ಅಪರಾಧಕಥೆಗೆ ಇದರ ವಿಪರೀತವಾದ ಗತಿಯುಂಟಾಯಿತು. ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ 2018ನೆಯ ಡಿಸೆಂಬರಿನಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಲನಚಿತ್ರದ ವಿಷಯದಲ್ಲಿ ವಿಮರ್ಶಕರು ಏಕಾಭಿಪ್ರಾಯಕ್ಕೆ ಬರಲಿಲ್ಲ. ಜನರು ಮಾತ್ರ ಮುಗಿಬಿದ್ದರು. ಸಾಹಸದೃಶ್ಯಗಳಿಗೂ ದೃಶ್ಯಚಮತ್ಕಾರಕ್ಕೂ ರಾಷ್ಟ್ರಪ್ರಶಸ್ತಿಗಳು ಬಂದವು, ಮತ್ತು ಅವು ಯೋಗ್ಯವಾಗಿಯೇ ಬಂದವು. ಇಲ್ಲಿಯ ಸೈನೈಡ್ ದಿಬ್ಬಗಳನ್ನು ದಿನವೂ ನೋಡುವ ನಮಗೂ ಅವು ತೆರೆಯ ಮೇಲೆ ಹೊಸದಾಗಿ ಕಂಡುವೆಂಬುದನ್ನು ಒಪ್ಪಲೇಬೇಕು. ನಾವು ಓದಿದ ವಿಮರ್ಶೆಗಳು ಚಿತ್ರದ ಅಬ್ಬರವನ್ನೂ ಕಥೆಯ ತೆಳುವನ್ನೂ ದೋಷಗಳೆಂದುವು. ಕ್ಷೇಮೇಂದ್ರನಾಗಿದ್ದರೆ ಮೊದಲು ಹೆಸರಿನ ಔಚಿತ್ಯವನ್ನೇ ಕೇಳುತ್ತಿದ್ದನು.

ಚಿತ್ರದಲ್ಲಿ ಚಿನ್ನವು 1951ರಲ್ಲಿ ನರಾಚಿ ಎಂಬಲ್ಲಿ ದೊರೆಯುವುದು. ಅಲ್ಲಿ ದುಡಿಯುವವರು ಗುಲಾಮರು, ಹೊರಗಿನಿಂದ ಬರುವ ವೀರನೊಬ್ಬನೇ ಅವರಿಗೆ ಗತಿ. ನಿಜವಾದ ಗಣಿಗಳನ್ನಾದರೋ 1880ರಿಂದ ಜಾನ್ ಟೇಲರ್ ಕಂಪೆನಿಯವರು ನಡೆಸಿದರು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದುವು. 2001ನೆಯ ಫೆಬ್ರವರಿ 28ರಂದು ಕೆಲಸವು ನಿಂತಿತು. ಚಾಂಪಿಯನ್ ರೀಫಿನಲ್ಲಿ ಸುಮಾರು 3,200 ಮೀಟರುಗಳ ಆಳಕ್ಕಿಳಿದು ಬಂಡೆಸಿಡಿತದ ಭಯದಲ್ಲಿ ದುಡಿದವರಲ್ಲಿ ಬಹುಮಂದಿ ತಮಿಳು ಮಾತನಾಡುವ ದಲಿತರು. ಅವರ ಬಾಳು ಸುಖದ್ದಾಗಿರಲಿಲ್ಲ. ಆದರೂ ಬೆರಳಚ್ಚಿನ ದಾಖಲೆಯನ್ನು ವಿರೋಧಿಸಿ 1930ರಲ್ಲಿ ಮುಷ್ಕರ ಹೂಡಿದಾಗ ಅವರು ಯಾವ ವೀರನಿಗಾಗಿಯೂ ಕಾದಿರಲಿಲ್ಲ.

ಆ ಶಿಷ್ಯನ ತಾತನೂ ಗಣಿಗೆ ಇಳಿದವನೇ. ಕೋರಮಂಡಲ ನಿಲ್ದಾಣವು ಬಂದಾಗ, “ಗುರುಗಳೇ, ಸಿನಿಮಾದಲ್ಲಿ ನಮ್ಮ ತಾತ ಎಲ್ಲಿದ್ದಾರೆ?” ಎಂದು ಕೇಳಿದನು. ಕವಿಗೆ ಕಲ್ಪನಾಸ್ವಾತಂತ್ರ್ಯವುಂಟೆಂಬ ಸಮಾಧಾನವನ್ನು ಹೇಳಿದೆವು. ಅವನಿಗೂ ಅದು ಸಾಲದೆ ಹೋಯಿತು, ನಮಗೂ ಸಾಲದೆ ಹೋಯಿತು. ಚಿತ್ರಕ್ಕೆ ‘ನರಾಚಿ’ ಎಂದಷ್ಟೇ ಹೆಸರಿಟ್ಟಿದ್ದರೆ ಅವನ ಪ್ರಶ್ನೆಯು ಹುಟ್ಟುತ್ತಿರಲಿಲ್ಲ. ನ್ಯೂಯಾರ್ಕ್ ನಗರವನ್ನು ಚಿತ್ರಿಸಿಯೂ ಅದನ್ನು ‘ಲಿಬರ್ಟಿ ಸಿಟಿ’ ಎಂದು ಕರೆದ ಆ ಆಟದ ಕರ್ತೃಗಳು ಈ ಒಂದು ವಿಷಯದಲ್ಲಿ ಹೆಚ್ಚು ವಿವೇಕಿಗಳೆನ್ನಬೇಕು.