ಓರೆ ಬೆಳಕಿನಲ್ಲಿ ಮದರ್‌ಬೋರ್ಡ್

ಮದರ್‌ಬೋರ್ಡನ್ನು ನೇರವಾಗಿ ನೋಡಿದರೆ ಏನೂ ಕಾಣುವುದಿಲ್ಲ. ಕಿಟಕಿ ಹತ್ತಿರ ತಂದು ಬೆಳಕಿಗೆ ತುಸು ಓರೆಯಾಗಿ ಹಿಡಿಯಬೇಕು. ಆಗ ಕಪ್ಪು ಬಣ್ಣದ ಅಡಿಯಲ್ಲಿರುವ ತಾಮ್ರದ ಗೆರೆಗಳು ಒಂದೊಂದಾಗಿ ಮೇಲೇಳುತ್ತವೆ. ಪ್ರೊಸೆಸರ್ ಕೂರುವ ಚೌಕಕ್ಕೂ ರ್‍ಯಾಮ್ ಕೂರುವ ಸ್ಲಾಟಿಗೂ ನಡುವೆ ಇರುವುದು ನಾಲ್ಕು ಬೆರಳಿನ ಜಾಗ. ಅಷ್ಟರಲ್ಲೇ ಕೆಲವು ಗೆರೆಗಳು ಸೀದಾ ಹೋಗಿ ಮುಟ್ಟುತ್ತವೆ. ಇನ್ನು ಕೆಲವು ಬೇಕೆಂದೇ ಅಂಕುಡೊಂಕಾಗಿ ಬಳುಕುತ್ತಾ, ಹಿಂದೆ ಮುಂದೆ ತಿರುಗುತ್ತಾ, ನಿಧಾನಕ್ಕೆ ಬಂದು ಸೇರುತ್ತವೆ.

‘ಅತ್ತೆ, ನೆಟ್ಟಗೆ ಹೋಗೋಕೆ ದಾರಿ ಇದೆಯಲ್ಲ, ಇವು ಯಾಕೆ ಸುತ್ತು ಹಾಕ್ಕೊಂಡು ಹೋಗ್ತಿವೆ?’ ಎಂದು ನನ್ನ ತಮ್ಮನ ಮಗಳು ಕೇಳಿದಳು. ಏಳನೇ ಕ್ಲಾಸಿನ ಹುಡುಗಿ. ಎಂಜಿನಿಯರಿಂಗ್ ಮುಗಿಸಿದವರೂ ಕೇಳದ ಪ್ರಶ್ನೆ.

ದೂರದ ಪಿನ್ನಿಗೆ ಹೋಗುವ ಗೆರೆ ಸಹಜವಾಗಿಯೇ ಉದ್ದ, ಹತ್ತಿರದ್ದು ಗಿಡ್ಡ. ಆದರೆ ಒಂದೇ ಗುಂಪಿನ ಗೆರೆಗಳಲ್ಲಿ ಒಟ್ಟಿಗೆ ಹೊರಟ ಸಿಗ್ನಲ್ ಒಟ್ಟಿಗೇ ತಲುಪಬೇಕು. ಬೋರ್ಡಿನ ಮೇಲೆ ಸಿಗ್ನಲ್ ಒಂದು ನ್ಯಾನೊಸೆಕೆಂಡಿಗೆ ಸಾಗುವುದು ಹೆಚ್ಚುಕಡಿಮೆ 15 ಸೆಂಟಿಮೀಟರ್. ಡಿಡಿಆರ್5 ರ್‍ಯಾಮ್ 6000ದ ವೇಗದಲ್ಲಿ ಓಡುವಾಗ ಒಂದೊಂದು ಗೆರೆಯಲ್ಲೂ ಸೆಕೆಂಡಿಗೆ 600 ಕೋಟಿ ಬಿಟ್ ಹಾದುಹೋಗುತ್ತದೆ. ಲೆಕ್ಕ ಹಾಕಿದರೆ ಒಂದು ಬಿಟ್ ಆ ಗೆರೆಯ ಮೇಲೆ ಹಿಡಿಯುವ ಜಾಗ ಎರಡೂವರೆ ಸೆಂಟಿಮೀಟರ್. ಗೆರೆಯ ಉದ್ದದಲ್ಲಿ ಒಂದು ಸೆಂಟಿಮೀಟರ್ ಏರುಪೇರಾದರೂ ಅಕ್ಷರ ಅಕ್ಷರಕ್ಕೆ ಡಿಕ್ಕಿ. ಅದಕ್ಕೇ ಗಿಡ್ಡ ಗೆರೆಗೆ ಬಳುಕು ಕೊಟ್ಟು ಉದ್ದದ ಗೆರೆಗೆ ಸಮ ಮಾಡುತ್ತಾರೆ. ಮೇಲೆ ಕಾಣುವುದು ಕೆಲವೇ. ಉಳಿದವು ಒಳಪದರಗಳಲ್ಲಿ ಯಾರ ಕಣ್ಣಿಗೂ ಬೀಳದೆ ಹೀಗೇ ಬಳುಕಿಕೊಂಡಿರುತ್ತವೆ.

ಕಂಪ್ಯೂಟರಿನಲ್ಲಿ ನನಗೆ ರುಚಿಸುವುದು ಇಂಥ ಚೆಲುವು. ಆಟಕ್ಕೊಂದು ಕಂಪ್ಯೂಟರ್ ಬೇಕೆಂದು ಆ ಹುಡುಗಿ ಮೊದಲು ತಂದ ಪಟ್ಟಿಯಲ್ಲಿ ಇದರ ಸುಳಿವೂ ಇರಲಿಲ್ಲ. ಗಾಜಿನ ಕ್ಯಾಬಿನೆಟ್, ಏಳು ಬಣ್ಣದ ಫ್ಯಾನು, ಬಣ್ಣದ ರ್‍ಯಾಮು, ಬಣ್ಣದ ಮೌಸು. ಒಟ್ಟಿನಲ್ಲಿ ಗಣೇಶನ ಪೆಂಡಾಲಿಗೆ ಆಗಿ ಮಿಗುವಷ್ಟು ದೀಪ. ಆಡುವ ಆಟ ಮಾತ್ರ ಮೈನ್‌ಕ್ರಾಫ್ಟು, ವ್ಯಾಲೊರಂಟು, ಆಗಾಗ ಕ್ರಿಕೆಟ್ಟು. ಮನೆಯಲ್ಲಿದ್ದ 24 ಇಂಚಿನ ಮಾನಿಟರನ್ನೇ ಇಟ್ಟುಕೊಳ್ಳುವುದು, ಉಳಿದದ್ದಕ್ಕೆ 90,000 ರೂಪಾಯಿ ದಾಟಬಾರದು ಎಂದು ಅವಳಪ್ಪ ಹೇಳಿದ. ಆರಿಸುವ ಕೆಲಸ ಅತ್ತೆಯ ತಲೆಗೆ ಬಂತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಪವರ್ ಸಪ್ಲೈ ಟೆಸ್ಟ್ ಮಾಡಿದವಳು ನಾನು. ಹಾಗಾಗಿ ನನ್ನ ಪಕ್ಷಪಾತ ಯಾವ ಕಡೆ ವಾಲುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ.

ನಮ್ಮ ಚಂದ್ರಾ ಲೇಔಟಿನವರಿಗೆ ಎಲೆಕ್ಟ್ರಾನಿಕ್ಸ್ ಹೊಸದೇನಲ್ಲ. ಇಲ್ಲೇ ಪಕ್ಕದ ಮೈಸೂರು ರಸ್ತೆಯಲ್ಲಿ ಹಿಂದೆ ರೆಮ್ಕೊ ಕಾರ್ಖಾನೆ ಇತ್ತು. ಅದೇ ಮುಂದೆ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವಾಯಿತು. ಆದರೆ ಬಿಡಿಭಾಗ ಬೇಕೆಂದರೆ ಇವತ್ತಿಗೂ ಹೋಗಬೇಕಾದದ್ದು ಎಸ್.ಪಿ. ರೋಡಿಗೆ, ಅಂದರೆ ಸದರ್ ಪತ್ರಪ್ಪ ರಸ್ತೆಗೆ. ಅತ್ತಿಗುಪ್ಪೆಯಲ್ಲಿ ನೇರಳೆ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಮುಂದಿನ ನಿಲ್ದಾಣ ಚಿಕ್ಕಪೇಟೆಯಲ್ಲಿ ಇಳಿದು ನಡೆದರಾಯಿತು. ಎಲ್ಲವೂ ಮನೆ ಬಾಗಿಲಿಗೇ ಬರುವ ಈ ಕಾಲದಲ್ಲಿ ಅಲ್ಲಿಗೆ ಯಾಕೆ ಹೋಗಬೇಕು ಎಂದು ತಮ್ಮನೂ ಕೇಳಿದ. ಫೋನಿನಲ್ಲಿ ಬೆಲೆ ನೋಡಬಹುದು, ತೂಕ ನೋಡಲಾಗುವುದಿಲ್ಲ.

ಎಸ್.ಪಿ. ರೋಡಿನ ಸೊಗಸಿಗೆ ಸ್ವಲ್ಪ ತಾಳ್ಮೆ ಬೇಕು. ಕಾಲಿಡುವುದೇ ತಡ, ‘ಏನ್ ಬೇಕು ಮೇಡಂ, ಲ್ಯಾಪ್‌ಟಾಪಾ, ಪ್ರಿಂಟರಾ, ಸಿಸಿ ಕ್ಯಾಮೆರಾನಾ?’ ಎಂದು ಎರಡೂ ಕಡೆಯಿಂದ ಕೂಗು. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದ ಮೆಟ್ಟಿಲು. ಮೇಲೆ ಹೋದರೆ ಸೂರು ಮುಟ್ಟುವಂತೆ ಪೇರಿಸಿದ ಡಬ್ಬಗಳ ನಡುವೆ ಒಂದು ಕೌಂಟರು. ಅಲ್ಲಿ ಕೂತವರು ಮಾರ್ವಾಡಿಯಲ್ಲಿ ಫೋನಿಗೆ ಉತ್ತರ ಕೊಡುತ್ತಾ, ಕನ್ನಡದಲ್ಲಿ ನಮ್ಮೊಡನೆ ಚೌಕಾಶಿ ಮಾಡುತ್ತಾ, ಕಂಪ್ಯೂಟರಿನಲ್ಲಿ ಕೊಟೇಶನ್ ಟೈಪ್ ಮಾಡುತ್ತಿರುತ್ತಾರೆ. ಮೂರು ಅಂಗಡಿಯ ಕೊಟೇಶನ್ ಹಿಡಿದು ನಾಲ್ಕನೆಯದಕ್ಕೆ ಹೋದರೆ ಬೆಲೆ ತಾನಾಗಿಯೇ ಇಳಿಯುತ್ತದೆ. ಈ ವಿದ್ಯೆಯನ್ನು ಹುಡುಗಿ ನನಗಿಂತ ಬೇಗ ಕಲಿತಳು.

ಪ್ರೊಸೆಸರ್ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಿರಲಿಲ್ಲ. ಎಎಂಡಿಯ ರೈಜ಼ನ್ 5 7600. 2023ರ ಜನವರಿಯಲ್ಲಿ ಬಂದದ್ದು, ಆರು ಕೋರ್, 65 ವ್ಯಾಟ್, ಜೊತೆಗೆ ಡಬ್ಬದಲ್ಲೇ ಕೂಲರ್. ನಾಲ್ಕು ಸೆಂಟಿಮೀಟರಿನ ಚೌಕ, ಮೇಲೆ ಅಂಚು ಕತ್ತರಿಸಿದ ಲೋಹದ ಮುಚ್ಚಳ. ಆ ಮುಚ್ಚಳದಡಿ ಕೋರ್‌ಗಳಿರುವ ಸಿಲಿಕಾನ್ ತುಂಡಿನ ವಿಸ್ತೀರ್ಣ 71 ಚದರ ಮಿಲಿಮೀಟರ್, ಹೆಬ್ಬೆರಳಿನ ಉಗುರಿಗಿಂತ ಚಿಕ್ಕದು. ಅದರಲ್ಲಿ 650 ಕೋಟಿ ಟ್ರಾನ್ಸಿಸ್ಟರ್. ತೈವಾನಿನಲ್ಲಿ ಅಚ್ಚಾದದ್ದು. ಇಂಥ ಚಿಪ್‌ಗಳಿಗೆ ನಮ್ಮ ಊರಿನ ನಂಟೂ ಇದೆ. ಎಎಂಡಿಯ ಅತಿ ದೊಡ್ಡ ವಿನ್ಯಾಸ ಕೇಂದ್ರ ಟೆಕ್ನೋಸ್ಟಾರ್ 2023ರ ನವೆಂಬರಿನಲ್ಲಿ ಉದ್ಘಾಟನೆಯಾದದ್ದು ಬೆಂಗಳೂರಿನಲ್ಲೇ.

ಇನ್ನೊಂದು ಸಂಗತಿ ಹೇಳಿದಾಗ ಹುಡುಗಿಗೆ ಸಿಟ್ಟೇ ಬಂತು. ಆ ತುಂಡಿನಲ್ಲಿ ನಿಜವಾಗಿ ಎಂಟು ಕೋರ್‌ಗಳಿರುತ್ತವೆ, ಎರಡನ್ನು ನಿಷ್ಕ್ರಿಯ ಮಾಡಿ ಮಾರುತ್ತಾರೆ.

‘ಇರೋದನ್ನ ಮುಚ್ಚಿಟ್ಟು ಮಾರ್ತಾರಾ? ಮೋಸ ಅಲ್ವಾ ಅತ್ತೆ?’

ಮೋಸವಲ್ಲ. ಇಷ್ಟು ಸೂಕ್ಷ್ಮವಾದ ಕೆಲಸದಲ್ಲಿ ಪ್ರತಿ ತುಂಡೂ ಪೂರ್ತಿ ಸರಿಯಾಗಿ ಬರುವುದಿಲ್ಲ. ಎಲ್ಲೋ ಒಂದು ಕೋರ್ ಕೆಟ್ಟಿರುತ್ತದೆ. ಆ ಕಾರಣಕ್ಕೆ ತುಂಡನ್ನೇ ಎಸೆಯದೆ, ಚೆನ್ನಾಗಿರುವ ಆರನ್ನು ಉಳಿಸಿ ಕಡಿಮೆ ಬೆಲೆಗೆ ಕೊಡುತ್ತಾರೆ. ಏನನ್ನೂ ಬಿಸಾಡದ ಮನೆಗಳಲ್ಲಿ ಬೆಳೆದ ನಮಗೆ ಇದು ಅರ್ಥವಾಗದ ನೀತಿಯೇನಲ್ಲ.

ಹಿಂದಿನ ಎಎಂಡಿ ಪ್ರೊಸೆಸರ್‌ಗಳ ಹೊಟ್ಟೆಯಲ್ಲಿ ಪಿನ್ನುಗಳಿರುತ್ತಿದ್ದವು. 2022ರಲ್ಲಿ ಬಂದ ಎಎಂ5 ಮಾದರಿಯಿಂದ ಅವು ಬೋರ್ಡಿನ ಸಾಕೆಟ್ಟಿಗೆ ಸ್ಥಳಾಂತರವಾದವು, ಒಟ್ಟು 1718. ಪ್ಲಾಸ್ಟಿಕ್ ಮುಚ್ಚಳ ತೆಗೆದು ನೋಡಬೇಕು. ಒಂದೊಂದೂ ಕೂದಲೆಳೆಯಷ್ಟರ ಚಿನ್ನದ ಲೇಪದ ಸ್ಪ್ರಿಂಗು, ತುದಿ ತುಸು ಮೇಲಕ್ಕೆ ಬಾಗಿದ್ದು. ಬೆಳಕು ಓರೆಯಾಗಿ ಬಿದ್ದಾಗ ಗಾಳಿಗೆ ಒಂದೇ ಕಡೆ ವಾಲಿದ ರಾಗಿ ಹೊಲದ ಹಾಗೆ ಮಿರುಗುತ್ತದೆ. ಮುಟ್ಟಬಾರದು. ಬೆರಳು ತಾಕಿ ಒಂದು ಬಾಗಿದರೂ ವಾರಂಟಿ ಕೈಬಿಟ್ಟಿತೆಂದೇ ಲೆಕ್ಕ. ಹುಡುಗಿ ಕೈ ಹಿಂದಕ್ಕೆ ಕಟ್ಟಿಕೊಂಡು, ಉಸಿರು ಬಿಗಿಹಿಡಿದು, ಬಗ್ಗಿ ಬಗ್ಗಿ ನೋಡಿದಳು.

ಈಗ ನನ್ನ ಪಕ್ಷಪಾತಕ್ಕೆ ಬರೋಣ. ಪವರ್ ಸಪ್ಲೈಗೆ ಎಸ್.ಪಿ. ರೋಡಿನಲ್ಲಿ ಎಸ್‌ಎಂಪಿಎಸ್ ಎಂದರೇ ಗೊತ್ತಾಗುವುದು. ಎಲ್ಲರೂ ಕೊನೆಗೆ ಕೇಳುವುದು ಇದನ್ನೇ, ದುಡ್ಡು ಮುಗಿದ ಮೇಲೆ. ‘ಕ್ಯಾಬಿನೆಟ್ ತಗೊಂಡ್ರೆ ಎಸ್‌ಎಂಪಿಎಸ್ ಫ್ರೀ ಮೇಡಂ’ ಎಂದರು ಒಬ್ಬರು. ಆ ಫ್ರೀ ಡಬ್ಬವನ್ನೂ, ಹೆಸರುಳ್ಳ ಕಂಪನಿಯ 550 ವ್ಯಾಟಿನದನ್ನೂ ಹುಡುಗಿಯ ಎರಡು ಕೈಯಲ್ಲಿಟ್ಟೆ. ಮೊದಲನೆಯದರ ಮೇಲೆ 600 ವ್ಯಾಟ್ ಎಂದು ಬರೆದಿತ್ತು. ಆದರೂ ಅದನ್ನು ಹಿಡಿದ ಅವಳ ಎಡಗೈ ಮೇಲೇ ಉಳಿಯಿತು, ಬಲಗೈ ಕೆಳಗಿಳಿಯಿತು. ತಾಮ್ರ ಸುಳ್ಳು ಹೇಳುವುದಿಲ್ಲ. ಸುರುಳಿಗೆ ತಾಮ್ರ ಕಡಿಮೆ ಮಾಡಿ, ಶಾಖ ಹೀರುವ ಅಲ್ಯೂಮಿನಿಯಂ ತೆಳುವಾಗಿಸಿ, ಕೆಪಾಸಿಟರನ್ನು ಕಿರಿದು ಮಾಡಿ ಬೆಲೆ ಇಳಿಸಬಹುದು. ತೂಕ ಮಾತ್ರ ಎಲ್ಲವನ್ನೂ ಬಯಲು ಮಾಡುತ್ತದೆ.

ಫ್ಯಾನಿನ ಜಾಲರಿಯ ಮೂಲಕ ಟಾರ್ಚ್ ಬಿಟ್ಟು ಒಳಗೆ ನೋಡಿ. ಹಳದಿ ಟೇಪು ಸುತ್ತಿದ ಟ್ರಾನ್ಸ್‌ಫಾರ್ಮರ್ ಕಾಣುತ್ತದೆ, ಮುಷ್ಟಿಗಿಂತ ಚಿಕ್ಕದು. ಇದರ ಸೊಗಸು ಅದರ ಕಿರಿತನದಲ್ಲೇ ಇದೆ. ಬೆಸ್ಕಾಂ ಕೊಡುವುದು 230 ವೋಲ್ಟು, ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುವ ಕರೆಂಟು. ಅದನ್ನೇ ನೇರ ಇಳಿಸಬೇಕೆಂದರೆ ಇಷ್ಟು ವ್ಯಾಟಿಗೆ ಐದಾರು ಕಿಲೋ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಬೇಕು. ಇಲ್ಲಿ ಹಾಗಲ್ಲ. ಬಂದ ಕರೆಂಟನ್ನು ಮೊದಲು ಒಂದೇ ದಿಕ್ಕಿಗೆ ತಿರುಗಿಸಿ, 400 ವೋಲ್ಟಿನ ಹತ್ತಿರಕ್ಕೆ ಏರಿಸಿ, ಸೆಕೆಂಡಿಗೆ ಹತ್ತಾರು ಸಾವಿರ ಸಲ ಕೊಚ್ಚಿ, ಆಮೇಲೆ 12ಕ್ಕೆ ಇಳಿಸುತ್ತಾರೆ. ಕೊಚ್ಚುವ ವೇಗ ಏರಿದಷ್ಟೂ ಟ್ರಾನ್ಸ್‌ಫಾರ್ಮರ್ ಕುಗ್ಗುತ್ತದೆ. ಇಳಿಸಬೇಕಾದದ್ದನ್ನು ಮೊದಲು ಏರಿಸುವ ಈ ಚಮತ್ಕಾರ ನನಗೆ ಇವತ್ತಿಗೂ ಹಳಸಿಲ್ಲ.

ಪಕ್ಕದಲ್ಲಿ ದಪ್ಪನಾಗಿ ನಿಂತಿರುವುದು ಮುಖ್ಯ ಕೆಪಾಸಿಟರ್. ಅದರ ಮೈಮೇಲೆ 105 ಡಿಗ್ರಿ ಎಂದಿದೆಯೋ 85 ಎಂದಿದೆಯೋ ಓದಿ. ಶಾಖ ಹತ್ತು ಡಿಗ್ರಿ ಇಳಿದರೆ ಇಂಥ ಕೆಪಾಸಿಟರಿನ ಆಯಸ್ಸು ಸುಮಾರು ಇಮ್ಮಡಿಯಾಗುತ್ತದೆ ಎಂಬುದು ನಮ್ಮ ಕಸುಬಿನ ಲೆಕ್ಕ. ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಕರೆಂಟು ಹೋದ ಮೇಲೂ ಇದು ಸುಮಾರು 16 ಮಿಲಿಸೆಕೆಂಡು ಹೊರೆ ಹೊತ್ತು ನಿಲ್ಲುತ್ತದೆ. ಯುಪಿಎಸ್ ಎಚ್ಚೆತ್ತು ಕೈಹಿಡಿಯಲು ಅಷ್ಟು ಸಮಯ ಸಾಕು. ಮಳೆಗಾಲದ ಸಂಜೆ ನಮ್ಮ ಬೀದಿಯಲ್ಲಿ ದೀಪ ಮಿಣುಕಿದಾಗ ಆಟ ನಿಲ್ಲದೆ ಮುಂದುವರಿದರೆ ಅದರ ಪುಣ್ಯ ಇದಕ್ಕೆ ಸಲ್ಲಬೇಕು, ಯಾರೂ ಸಲ್ಲಿಸುವುದಿಲ್ಲ. ಒಂದು ಎಚ್ಚರಿಕೆ: ಟಾರ್ಚ್ ಬಿಟ್ಟು ನೋಡಿ, ಮುಚ್ಚಳ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರಿನಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು.

ಗ್ರಾಫಿಕ್ಸ್ ಕಾರ್ಡಿಗೆ ಹೆಚ್ಚು ಮಾತು ಬೇಡ, ಅದರ ಪ್ರಚಾರಕ್ಕೆ ಬೇರೆಯವರಿದ್ದಾರೆ. ಎನ್‌ವಿಡಿಯಾ 1999ರಲ್ಲಿ ಜೀಫೋರ್ಸ್ 256 ತಂದು ಅದನ್ನು ಲೋಕದ ಮೊದಲ ಜಿಪಿಯು ಎಂದು ಕರೆದುಕೊಂಡಾಗಿನಿಂದ ಗೇಮಿಂಗ್ ಎಂದರೆ ಇದೇ ಎಂಬಂತಾಗಿದೆ. ನಾವು ತಂದದ್ದು ಆರ್‌ಟಿಎಕ್ಸ್ 5060, ಎಂಟು ಜಿಬಿ, 145 ವ್ಯಾಟ್. 1080ರ ಪರದೆಗೆ ಧಾರಾಳವಾಯಿತು. ಬಜೆಟ್ಟಿನ ಮೂರರಲ್ಲೊಂದು ಭಾಗವನ್ನು ಇದೊಂದೇ ನುಂಗಿತು.

ಜಗಳವಾದದ್ದು ಕ್ಯಾಬಿನೆಟ್ಟಿಗೆ. ಅವಳಿಗೆ ಮುಂದೆಯೂ ಗಾಜು ಬೇಕು, ನನಗೆ ಮುಂದೆ ಜಾಲರಿ ಬೇಕು. ಗಾಜಿನ ಹಿಂದೆ ಕೂತ ಫ್ಯಾನು ಎಲ್ಲಿಂದ ಗಾಳಿ ಎಳೆಯಬೇಕು? ನಮ್ಮ ಮನೆಯ ಪಶ್ಚಿಮದ ಕೋಣೆ ಏಪ್ರಿಲಿನ ಮಧ್ಯಾಹ್ನ ಹೇಗಿರುತ್ತದೆಂದು ಅವಳಿಗೂ ಗೊತ್ತು. ಕೊನೆಗೆ ಮುಂದೆ ಜಾಲರಿ, ಪಕ್ಕದಲ್ಲಿ ಗಾಜು ಎಂದು ರಾಜಿಯಾಯಿತು. ಜಾಲರಿಯ ಹಿಂದಿನ ಧೂಳು ಸೋಸುವ ಪರದೆಯನ್ನು ತಿಂಗಳಿಗೊಮ್ಮೆ ತೊಳೆಯುವ ಹೊಣೆ ಅವಳದು. ಫ್ಯಾನುಗಳಲ್ಲಿ ನನ್ನ ಕಣ್ಣಿದ್ದದ್ದು ಆಸ್ಟ್ರಿಯಾದ ನಾಕ್ಟುವಾ ಮೇಲೆ. ಕಾಫಿ ಕಂದು, ಕೆನೆ ಬಣ್ಣ, ಒಂದೂ ದೀಪವಿಲ್ಲ. ‘ತಾತನ ಸ್ವೆಟರ್ ಬಣ್ಣ ಅತ್ತೆ’ ಎಂದು ಹುಡುಗಿ ತಳ್ಳಿಹಾಕಿದಳು. ಬೆಲೆ ನೋಡಿ ನಾನೂ ಸುಮ್ಮನಾದೆ.

ಕೀಬೋರ್ಡ್ ಅಂಗಡಿಯಲ್ಲಿ ಬೇರೆಯದೇ ಸುಖ. ಕೌಂಟರಿನ ಮೇಲೆ ಬಗೆಬಗೆಯ ಸ್ವಿಚ್‌ಗಳನ್ನು ಕೂರಿಸಿದ ಚಿಕ್ಕ ಹಲಗೆ ಇಟ್ಟಿದ್ದರು. ನೀಲಿ ಒತ್ತಿದರೆ ಟಿಕ್ಕೆಂದು ಸದ್ದು, ಕೆಂಪು ತಡೆಯಿಲ್ಲದೆ ಇಳಿಯುತ್ತದೆ, ಕಂದು ನಡುವೆ ಒಂದು ಸಣ್ಣ ಉಬ್ಬು ದಾಟಿದ ಹಾಗೆ ಬೆರಳಿಗೆ ಹೇಳಿ ಇಳಿಯುತ್ತದೆ. ಆಟಕ್ಕೆ ಕೆಂಪೇ ಸರಿ, ಅವಳು ಅದನ್ನೇ ಆರಿಸಿದಳು. ನಾನಾದರೆ ಕಂದು ತರುತ್ತಿದ್ದೆ. ಕೆ.ಪಿ. ರಾವ್ ವಿನ್ಯಾಸದಲ್ಲಿ ಕನ್ನಡ ಕುಟ್ಟುವವರಿಗೆ ಪ್ರತಿ ಒತ್ತಕ್ಷರಕ್ಕೂ ಎಫ್ ಕೀ ಬೇಕು. ಆ ಉಬ್ಬು ಎಡಗೈ ತೋರುಬೆರಳಿಗೆ ಸಿಕ್ಕಿದರೆ ಒತ್ತು ಬಿತ್ತೆಂದು ಪರದೆ ನೋಡದೆಯೇ ತಿಳಿಯುತ್ತದೆ. ಅಂದಹಾಗೆ ಮೈನ್‌ಕ್ರಾಫ್ಟಿನ ಜಾವಾ ಆವೃತ್ತಿಯಲ್ಲಿ ಭಾಷೆಗಳ ಪಟ್ಟಿ ತೆಗೆದರೆ ಅಲ್ಲಿ ಕನ್ನಡವೂ ಇದೆ. ಇದನ್ನು ನನಗೆ ತೋರಿಸಿದವಳು ಅವಳೇ.

ರ್‍ಯಾಮ್ ಈಗ ತುಟ್ಟಿ. ಎಐ ಕಂಪನಿಗಳ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಿಂದ ಬೆಲೆ ಗಗನಕ್ಕೇರಿದೆ. ಎಂಟೆಂಟು ಜಿಬಿಯ ಎರಡು ಕಡ್ಡಿ ತೆಗೆದುಕೊಂಡು, ಬಣ್ಣದ ದೀಪವಿಲ್ಲದ್ದು ಅಗ್ಗ ಎಂದು ಹುಡುಗಿಗೆ ತೋರಿಸಿದೆ. ಉಳಿದ ದುಡ್ಡು ಎಸ್‌ಎಂಪಿಎಸ್‌ಗೆ ಹೋಯಿತೆಂದು ಅವಳು ಈಗಲೂ ಛೇಡಿಸುತ್ತಾಳೆ. ಕ್ಯಾಬಿನೆಟ್ಟಿನ ಫ್ಯಾನುಗಳಿಗೆ ದೀಪ ಇದ್ದೇ ಇತ್ತು. ಅದನ್ನು ಒಂದೇ ಅರಿಸಿನ ಬಣ್ಣಕ್ಕೆ ನಿಲ್ಲಿಸಿಕೊಂಡಿದ್ದಾಳೆ, ಚೆನ್ನಾಗಿಯೇ ಕಾಣುತ್ತದೆ.

ಮಕ್ಕಳಿಗೆ ಮೊದಲ ಕಂಪ್ಯೂಟರ್ ಕೊಡಿಸುವವರಿಗೆ ನನ್ನದೊಂದು ಕೋರಿಕೆ. ಅಂಗಡಿಯಲ್ಲೇ ಜೋಡಿಸಿಕೊಡುತ್ತೇವೆ ಎಂದರೆ ಬೇಡವೆನ್ನಿ, ಬಿಡಿಬಿಡಿಯಾಗಿಯೇ ಮನೆಗೆ ತನ್ನಿ. ಸೀರಿಯಲ್ ನಂಬರ್ ನಮೂದಿಸಿದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಅದಿಲ್ಲದೆ ಉಳಿಸಿದ 18 ಪರ್ಸೆಂಟ್ ವಾರಂಟಿಯ ದಿನ ಕೈಕೊಡುತ್ತದೆ. ರ್‍ಯಾಮ್ ಕಡ್ಡಿಯನ್ನು ಮಗುವೇ ಕೂರಿಸಲಿ. ಅಡಿಯ ಸೀಳು ಸ್ಲಾಟಿನ ಗಂಟಿಗೆ ಸರಿಹೊಂದಿತೇ ನೋಡಿ, ಎರಡು ಹೆಬ್ಬೆರಳಿಂದ ಒತ್ತಿದರೆ ಕೊಕ್ಕೆ ಕಟಕ್ಕೆಂದು ಬೀಳುತ್ತದೆ. ಭಾನುವಾರ ಎಸ್.ಪಿ. ರೋಡಿನ ಬಹುಪಾಲು ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗಿ.