ಕಾವಲಿನ ಹುಲ್ಲಿನಲ್ಲಿ ಸೆಳೆವಗಳ ಎಣಿಕೆ

ಹಸ್ತದ ಮಳೆ ಹಿಂದಾಗಿ, ಚಿತ್ತೆಯ ಮಳೆ ಒಂದೂರಿಗೆ ಬಿದ್ದು ಮತ್ತೊಂದೂರನ್ನು ಬಿಟ್ಟು ಹೋಗುವ ಈ ದಿನಗಳಲ್ಲಿ, ಕಡೂರಿನಿಂದ ಸಿಂಗಟಗೆರೆಯ ಕಡೆಗೆ ಬರುವ ಪಯಣಿಗನು ದಾರಿಯ ಇಕ್ಕೆಲದ ಬಯಲನ್ನು ಸಾವಧಾನದಿಂದ ನೋಡುತ್ತ ಬಂದನಾದರೆ, ತೆನೆಗಟ್ಟುತ್ತಿರುವ ರಾಗಿಯ ಮೇಲೆ, ಆಳೆತ್ತರವನ್ನು ಮೀರದಂತೆ, ರೆಕ್ಕೆಗಳೆರಡನ್ನೂ ತುಸು ಮೇಲಕ್ಕೆತ್ತಿ ಹಿಡಿದು, ಗಾಳಿಗೆ ಅತ್ತಿತ್ತ ವಾಲುತ್ತ, ಅವಸರವೆಂಬುದಿಲ್ಲದೆ ಹೊಲದ ಬದುಗಳನ್ನು ಹಿಡಿದು ಸಾಗುವ ನೀಳದೇಹದ ಹಕ್ಕಿಯೊಂದು ಅವನ ಕಣ್ಣಿಗೆ ಬೀಳುವ ಸಂಭವವುಂಟು. ಊರವರು ಅದನ್ನು ಹದ್ದೆಂದೋ ಗಿಡುಗನೆಂದೋ ಕರೆದು ಸುಮ್ಮನಾಗುತ್ತಾರೆ. ಹಕ್ಕಿಗಳನ್ನು ಕುರಿತ ಕನ್ನಡ ಪುಸ್ತಕಗಳಲ್ಲಿ ಅದರ ಹೆಸರು ಸೆಳೆವ. ಕಜಕಸ್ತಾನದ ಹಾಗೂ ದಕ್ಷಿಣ ರಷ್ಯದ ಹುಲ್ಲುಬಯಲುಗಳಲ್ಲಿ ಬೇಸಗೆಯಲ್ಲಿ ಮರಿಮಾಡಿ, ಅಲ್ಲಿ ಹಿಮ ಬೀಳುವುದಕ್ಕೆ ಮೊದಲೇ ಹೊರಟು, ಸಹಸ್ರಾರು ಮೈಲಿಗಳನ್ನು ಕ್ರಮಿಸಿ, ಶರತ್ಕಾಲದಲ್ಲಿ ನಮ್ಮ ಮೈದಾನ ಸೀಮೆಗೆ ಇಳಿದು, ಯುಗಾದಿಯ ಸುಮಾರಿಗೆ ಮರಳಿ ಹೋಗುವ ಈ ಅತಿಥಿಗಳನ್ನು ಎಣಿಸುವುದೇ ಈ ವಾರದ ವಿಷಯ.

ವಲಸೆ ಹೋಗುವ ಬೇಟೆಹಕ್ಕಿಗಳನ್ನು ಎಣಿಸುವ ವ್ಯಾಸಂಗವು ಪ್ರಪಂಚದಲ್ಲಿ ಬಹು ಹಳೆಯದೇನಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ಪ್ರಾಂತದ ಒಂದು ಬೆಟ್ಟಸಾಲಿನ ಮೇಲೆ ಪ್ರತಿ ಶರತ್ಕಾಲದಲ್ಲಿಯೂ ಬಂದೂಕಿನವರು ಸಾಲಾಗಿ ನಿಂತು, ಹಾದುಹೋಗುವ ಗಿಡುಗಗಳನ್ನು ಮೋಜಿಗಾಗಿ ಹೊಡೆದುರುಳಿಸುತ್ತಿದ್ದುದನ್ನು ಸಹಿಸಲಾರದೆ, ರೊಸಾಲಿ ಎಡ್ಜ್ ಎಂಬ ಮಹಿಳೆಯು 1934ರಲ್ಲಿ ಆ ಬೆಟ್ಟವನ್ನೇ ಗುತ್ತಿಗೆಗೆ ಹಿಡಿದು, ಮಾರಿಸ್ ಬ್ರೌನ್ ಎಂಬಾತನನ್ನು ಕಾವಲಿಗೆ ಇರಿಸಿದಳು. ಬಂದೂಕು ನಿಂತ ಆ ಶರತ್ಕಾಲದಲ್ಲಿಯೇ ಆತನು ಲೆಕ್ಕದ ಪುಸ್ತಕವನ್ನು ತೆರೆದನು. ಹಾಕ್ ಮೌಂಟನ್ ಎಂದು ಪ್ರಖ್ಯಾತವಾದ ಆ ಸ್ಥಳದಲ್ಲಿ ಎಣಿಕೆ ಇಂದಿಗೂ ನಡೆದಿದೆ. ಕಪ್ಪು ಸಮುದ್ರಕ್ಕೂ ಕಾಕಸಸ್ ಪರ್ವತಗಳಿಗೂ ನಡುವಣ ಇರುಕಿನಲ್ಲಿರುವ ಜಾರ್ಜಿಯಾದ ಬಟೂಮಿಯಲ್ಲಿ ಒಂದೊಂದು ಶರತ್ಕಾಲಕ್ಕೆ ಹತ್ತು ಲಕ್ಷಕ್ಕೂ ಮಿಗಿಲಾದ ಬೇಟೆಹಕ್ಕಿಗಳು ಹಾದುಹೋಗುತ್ತವೆ. ಮೆಕ್ಸಿಕೋದ ವೆರಕ್ರೂಸಿನಲ್ಲಿ ಅದಕ್ಕೂ ಹಲವು ಪಾಲು ಹೆಚ್ಚು. ಕಾರಣವೇನೆಂದರೆ, ಅಗಲ ರೆಕ್ಕೆಯ ಹದ್ದುಗಳು ಬಿಸಿಲಿಗೆ ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬವನ್ನೇರಿ ಮೇಲಕ್ಕೆ ಹೋಗಿ, ಅಲ್ಲಿಂದ ಜಾರಿ, ಮತ್ತೊಂದು ಕಂಬವನ್ನು ಹಿಡಿಯುತ್ತ ಪಯಣಿಸತಕ್ಕವು. ನೀರಿನ ಮೇಲೆ ಅಂತಹ ಆಸರೆ ಅಪರೂಪವಾದುದರಿಂದ ಅವು ಸಮುದ್ರವನ್ನು ತಪ್ಪಿಸಿ ನೆಲದ ಇರುಕುಗಳಲ್ಲಿ ಒತ್ತಾಗುತ್ತವೆ. ನಮ್ಮ ಪೂರ್ವಿಕರಿಗೂ ಬೇಟೆಹಕ್ಕಿಯ ವಿಷಯದಲ್ಲಿ ಕುತೂಹಲವಿಲ್ಲದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ, ಗಿಡುಗಗಳನ್ನು ಪಳಗಿಸಿ ಬೇಟೆಯಾಡಿಸುವ ಶ್ಯೇನವಿನೋದಕ್ಕೆ ಒಂದು ಪ್ರಕರಣವೇ ಮೀಸಲಾಗಿದೆ. ಆದರೆ ಅದು ಕೈಯ ಮೇಲೆ ಕುಳಿತ ಹಕ್ಕಿಯ ಶಾಸ್ತ್ರ. ತನ್ನ ಪಾಡಿಗೆ ತಾನು ಬಂದುಹೋಗುವ ಹಕ್ಕಿಯ ಲೆಕ್ಕವನ್ನಿಡುವ ಆಸಕ್ತಿ ಈಚಿನ ಕಾಲದ್ದು.

ಕಡೂರು ಸೀಮೆಯಲ್ಲಿ ಬಟೂಮಿಯಂತಹ ಇರುಕಿಲ್ಲ. ಪಶ್ಚಿಮಕ್ಕೆ ಬಾಬಾಬುಡನ್ ಗಿರಿಶ್ರೇಣಿ ಗೋಡೆಯಂತೆ ನಿಂತಿರುವುದು ನಿಜವಾದರೂ, ಸೆಳೆವಗಳು ಅದನ್ನು ಆಶ್ರಯಿಸಿ ಸಾಲುಗಟ್ಟಿ ಬರುವುದಿಲ್ಲ. ಕಿರಿದಾದ, ನೀಳವಾದ ರೆಕ್ಕೆಗಳುಳ್ಳ, ಬಡಿದು ಹಾರುವುದಕ್ಕೂ ತೇಲಿ ಹಾರುವುದಕ್ಕೂ ಸಮನಾಗಿ ಒಗ್ಗಿದ ಈ ಹಕ್ಕಿಗಳು ಬಿಸಿಗಾಳಿಯ ಹಂಗಿಗೆ ಅಷ್ಟಾಗಿ ಸಿಲುಕದೆ, ಹರವಾಗಿ, ಒಂಟೊಂಟಿಯಾಗಿ, ನೆಲದ ಮೇಲೆಯೂ ನೀರಿನ ಮೇಲೆಯೂ ನೇರವಾಗಿ ಸಾಗಿ ಬರುತ್ತವೆ. ಬೆಟ್ಟದ ತುದಿಯಲ್ಲಿ ಇಡೀ ಹಗಲು ಕುರ್ಚಿ ಹಾಕಿಕೊಂಡು ಕುಳಿತರೂ ಕಾಣಸಿಗುವುದು ಒಂದೋ ಎರಡೋ. ಹಾಗಾದರೆ ಎಣಿಸುವ ಬಗೆ ಹೇಗೆ? ಹಗಲೆಲ್ಲ ಹತ್ತಾರು ಮೈಲಿಯ ಬಯಲಿನಲ್ಲಿ ಚದುರಿ ಬೇಟೆಯಾಡುವ ಈ ಏಕಾಂಗಿಗಳು, ಸಂಜೆಯಾದೊಡನೆ ಒಂದೇ ಹುಲ್ಲುಗಾವಲನ್ನು ಅರಸಿಕೊಂಡು ಬಂದು, ಮರವನ್ನು ಹತ್ತದೆ, ನೆಲದ ಮೇಲೆ, ಎತ್ತರದ ಹುಲ್ಲಿನ ನಡುವೆ, ಒಂದರ ಸನಿಹದಲ್ಲೊಂದು ಕುಳಿತು ಇರುಳು ಕಳೆಯುತ್ತವೆ. ಆದುದರಿಂದ ನಮ್ಮಲ್ಲಿ ಗಿಡುಗದ ಎಣಿಕೆಯೆಂದರೆ ಮುಸ್ಸಂಜೆಯ ಎಣಿಕೆ. ಆಕಾಶಕ್ಕಿಂತ ಹುಲ್ಲಿಗೆ ಹೆಚ್ಚು ಸಂಬಂಧಪಟ್ಟ ಎಣಿಕೆ.

ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚಿತವಾಗಿಯೇ ಸ್ಥಳ ಸೇರಬೇಕು. ಹುಲ್ಲಿನ ಒಳಕ್ಕೆ ಕಾಲಿಡುವ ಮಾತೇ ಇಲ್ಲ. ದೂರದ ಒಂದು ದಿಣ್ಣೆಯ ಮೇಲೆ, ತಂಗಡಿ ಗಿಡದ ಮರೆಯಲ್ಲಿ, ಸೂರ್ಯನು ಬೆನ್ನಿಗಿರುವಂತೆ ಕುಳಿತರೆ ಹಕ್ಕಿಯ ಬಣ್ಣ ತಿಳಿಯುತ್ತದೆ. ಬೆಳಕು ಕುಂದಿ ಬಣ್ಣಗಳೆಲ್ಲ ಒಂದಾದ ಮೇಲೆ ಪಶ್ಚಿಮಕ್ಕೆ ತಿರುಗಿಕೊಂಡು, ಗಿರಿಗಳ ಮೇಲಣ ಕೆಂಪನ್ನೇ ಹಿನ್ನೆಲೆ ಮಾಡಿಕೊಂಡು, ಬರಿಯ ಆಕಾರದಿಂದ ಎಣಿಕೆಯನ್ನು ಮುಂದುವರಿಸಬೇಕಾಗುತ್ತದೆ. ಒಬ್ಬನೇ ಇದ್ದರೆ ಸಾಲದು. ನಾಲ್ಕು ದಿಕ್ಕಿನಿಂದಲೂ ಹಕ್ಕಿಗಳು ಬರತಕ್ಕವಾದುದರಿಂದ ದಿಕ್ಕುಗಳನ್ನು ಹಂಚಿಕೊಂಡು ಕುಳಿತು, ಕಾಲು ಗಂಟೆಗೊಮ್ಮೆ ಗೆರೆ ಎಳೆದು, ಒಳಗೆ ಬಂದವೆಷ್ಟು, ಎದ್ದು ಹೊರಗೆ ಹೋದವೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ಸೆಳೆವದ ಇಳಿಯುವಿಕೆ ನಿರ್ಧಾರದ ಇಳಿಯುವಿಕೆಯಲ್ಲ: ಹುಲ್ಲಿನ ಮೇಲೆ ಒಂದೆರಡು ಸುತ್ತು ಬಂದು, ಕಾಲುಗಳನ್ನು ಇಳಿಬಿಟ್ಟು, ಥಟ್ಟನೆ ಕುಸಿದು, ಕುಳಿತಿತೆಂದು ನಾವು ಬರೆಯುವಷ್ಟರಲ್ಲಿ ಮತ್ತೆದ್ದು, ನೂರು ಮಾರು ಸಾಗಿ, ಇನ್ನೊಂದೆಡೆ ಇಳಿದು, ಅಲ್ಲಿ ಮೊದಲೇ ಕುಳಿತಿದ್ದುದನ್ನು ಎಬ್ಬಿಸಿ, ಎರಡೂ ಕೂಡಿ ಮೇಲೇಳುವುದುಂಟು. ಕೂಡುವುದಕ್ಕಿಂತ ಕಳೆಯುವುದರಲ್ಲಿಯೇ ಎಣಿಕೆಗಾರನ ಯೋಗ್ಯತೆ ತಿಳಿಯುತ್ತದೆಂದು ನಾನು ಭಾವಿಸಿದ್ದೇನೆ. ಅಷ್ಟೇ ಅಲ್ಲದೆ, ಹುಲ್ಲನ್ನು ಸೇರುವುದಕ್ಕೆ ಮೊದಲು ಅವು ಆಸುಪಾಸಿನ ಉತ್ತ ಹೊಲದ ಹೆಂಟೆಗಳ ನಡುವೆ ಬಹಳ ಹೊತ್ತು ಕದಲದೆ ಕುಳಿತಿರುವ ವಾಡಿಕೆಯಿದೆ. ಹೆಂಟೆಯ ಬಣ್ಣಕ್ಕೂ ಹೆಣ್ಣು ಸೆಳೆವದ ಬಣ್ಣಕ್ಕೂ ಭೇದವಿಲ್ಲದಿರುವುದರಿಂದ, ಬರಿಯ ಹೊಲವೆಂದು ನಾವು ಕಡೆಗಣಿಸಿದ್ದಲ್ಲಿಂದಲೇ ಹತ್ತು ಹಕ್ಕಿಗಳು ಒಟ್ಟಿಗೆ ಏಳಬಹುದು. ಮರುದಿನ ಅರುಣೋದಯಕ್ಕೆ ಮುನ್ನ ಮತ್ತೆ ಬಂದು, ಹೊರಡುವ ಹಕ್ಕಿಗಳನ್ನು ಎಣಿಸಿ ಎರಡು ಲೆಕ್ಕಗಳನ್ನೂ ತಾಳೆ ನೋಡುವುದು ಒಳ್ಳೆಯದು.

ಜಾತಿಯನ್ನು ಗುರುತಿಸುವ ಕಷ್ಟವೇ ಬೇರೆ. ಗಂಡುಗಳಲ್ಲಿ ಸಂಶಯಕ್ಕೆ ಎಡೆ ಕಡಮೆ. ಮಾಸಲು ಬಿಳುಪಿನ ಮೈಯಿದ್ದು, ರೆಕ್ಕೆಯ ತುದಿಯಲ್ಲಿ ಮಾತ್ರ ಕಿರಿದಾದ ಕಪ್ಪು ಬೆಣೆಯಿದ್ದರೆ ಅದು ಬಿಳಿ ಸೆಳೆವ. ಬೂದಿಬಣ್ಣ ಗಾಢವಾಗಿ, ರೆಕ್ಕೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಕಪ್ಪುಪಟ್ಟೆ ಎಳೆದಿದ್ದರೆ ಅದು ಮಾಂಟೆಗು ಸೆಳೆವ. ಕೆರೆಯಂಗಳದ ಜೊಂಡಿನ ಕಡೆಯಿಂದ ಬರುವ, ಇವೆರಡಕ್ಕಿಂತಲೂ ದಪ್ಪ ಮೈಯ, ಹೆಣ್ಣಿಗೆ ಕೆನೆಬಣ್ಣದ ನೆತ್ತಿಯಿರುವ ಜಾತಿಯು ಜೌಗು ಸೆಳೆವ. ಆದರೆ ಮೊದಲೆರಡು ಜಾತಿಗಳ ಹೆಣ್ಣುಗಳೂ ಮರಿಗಳೂ ಕಂದು ಮೈ, ಬಾಲದ ಬುಡದಲ್ಲಿ ಬಿಳಿಯ ಮಚ್ಚೆ, ಪಟ್ಟೆ ಬಾಲ ಇವುಗಳಿಂದ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ, ಕತ್ತಿನ ಸುತ್ತಲಿನ ತಿಳಿ ಕೊರಳಪಟ್ಟಿಯನ್ನು ಒಳ್ಳೆಯ ಬೆಳಕಿನಲ್ಲಿ, ಒಳ್ಳೆಯ ದುರ್ಬೀನಿನಿಂದ ನೋಡಿದ ಹೊರತು ಇದು ಬಿಳಿಯ ಜಾತಿ, ಇದು ಮಾಂಟೆಗುವಿನ ಜಾತಿ ಎಂದು ಆಣೆಯಿಟ್ಟು ಹೇಳಲಾಗದು. ಈ ಕಾರಣದಿಂದ ಲೆಕ್ಕದ ಪುಸ್ತಕದಲ್ಲಿ ಗುರುತು ತಿಳಿಯದವುಗಳಿಗೆಂದು ಒಂದು ಕಲಮು ಅವಶ್ಯವಾಗಿ ಇರಬೇಕು. ಆ ಕಲಮು ಬರಿದಾಗಿರುವ ಪುಸ್ತಕವನ್ನು ನಾನು ನಂಬಲಾರೆ.

ಬೆಳಗ್ಗೆ ಹಕ್ಕಿಗಳೆಲ್ಲ ಎದ್ದುಹೋದ ಮೇಲೆ ಹುಲ್ಲಿನ ಅಂಚಿನಲ್ಲಿ ನಡೆದು ನೋಡುವವರಿಗೆ ಇನ್ನೊಂದು ಸಂಪತ್ತು ದೊರೆಯುತ್ತದೆ. ಹಕ್ಕಿ ಕುಳಿತ ಜಾಗದಲ್ಲಿ ಕರಡದ ಹುಲ್ಲು ಊಟದ ತಟ್ಟೆಯಷ್ಟಗಲಕ್ಕೆ ಮಲಗಿರುತ್ತದೆ. ಅದರ ಅಂಚಿಗೆ ಸುಣ್ಣ ಚೆಲ್ಲಿದಂತೆ ಹಿಕ್ಕೆ. ನಡುವೆ ಹೆಬ್ಬೆರಳಿನಷ್ಟುದ್ದದ, ಒಣಗಿದ, ಹಗುರವಾದ ಒಂದು ಉಂಡೆ. ಜೀರ್ಣವಾಗದೆ ಉಳಿದುದನ್ನು ಬೇಟೆಹಕ್ಕಿಯು ಹೀಗೆ ಕಾರಿಕೊಳ್ಳುತ್ತದೆ. ಅದನ್ನು ನೀರಿನಲ್ಲಿ ನೆನೆಯಿಸಿ, ಬಿಳಿಯ ಕಾಗದದ ಮೇಲೆ ಸೂಜಿಯಿಂದ ಬಿಡಿಸಿದರೆ, ಮಿಡತೆಯ ಗರಗಸದಂತಹ ಹಿಂಗಾಲುಗಳೂ, ಹೊಳೆಯುವ ಕಂದು ದವಡೆಗಳೂ, ಇಲಿಯ ಬೂದು ತುಪ್ಪಳದಲ್ಲಿ ಸುತ್ತಿಕೊಂಡ ಹಲ್ಲುಗಳ ಸಾಲೂ, ಒಮ್ಮೊಮ್ಮೆ ನೆಲಗುಬ್ಬಿಯ ಗರಿಯೊಂದೂ ಹೊರಬರುತ್ತವೆ. ಮಿಡತೆಯ ದವಡೆಗಳನ್ನು ಜೋಡಿಸಿ ಎಣಿಸಿದರೆ ಒಂದು ಉಂಡೆಗೆ ಎಷ್ಟು ಮಿಡತೆಗಳು ಸೇರಿದ್ದವೆಂಬುದೂ ತಿಳಿಯುತ್ತದೆ. ರಾಗಿಗೂ ಕಡಲೆಗೂ ಬೀಳುವ ಮಿಡತೆಯನ್ನು, ಬದುವಿನ ಬಿಲದ ಇಲಿಯನ್ನು, ಕೂಲಿಯಿಲ್ಲದೆ ಹೆಕ್ಕಿಕೊಡುವ ಆಳು ಇದೆಂಬುದನ್ನು ನಮ್ಮ ಒಕ್ಕಲು ಮಕ್ಕಳ ಮುಂದೆ ಬಿಡಿಸಿ ತೋರಿಸುವುದಕ್ಕೆ ಆ ಉಂಡೆಗಿಂತ ಉತ್ತಮವಾದ ಪಾಠವನ್ನು ನಾನರಿಯೆ.

ಇಷ್ಟಕ್ಕೆಲ್ಲ ಆಧಾರವಾದುದು ಹುಲ್ಲು. ಈ ಸೀಮೆಯಲ್ಲಿ ಹುಲ್ಲು ಉಳಿದುದಕ್ಕೆ ಹಕ್ಕಿಗಳು ಕಾರಣವಲ್ಲ, ದನಗಳು ಕಾರಣ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೆಂಬ ದನಗಳ ಇಲಾಖೆಯು ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲೆಂಬ ಹೆಸರನ್ನು ತಾಳಿ, ಫಿರಂಗಿಗಳನ್ನೆಳೆಯುವ ಎತ್ತುಗಳ ತಳಿಗಾಗಿ ರಾಜ್ಯದ ಉದ್ದಗಲಕ್ಕೂ ಕಾವಲುಗಳನ್ನು ಮೀಸಲಿಟ್ಟಿತು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ದನಗಳನ್ನು ಒಂದರಿಂದೊಂದಕ್ಕೆ ನಡೆಸುತ್ತಿದ್ದುದರಿಂದ ಯಾವ ನೆಲವೂ ವರ್ಷವಿಡೀ ತುಳಿತಕ್ಕೆ ಸಿಕ್ಕದೆ, ಹುಲ್ಲು ಬೀಜ ಕಟ್ಟಿ ಉದುರಿಸುವುದಕ್ಕೆ ಅವಕಾಶವಾಗುತ್ತಿತ್ತು. ಅಜ್ಜಂಪುರದಲ್ಲಿ 1929ರಲ್ಲಿ ಸ್ಥಾಪಿತವಾದ ತಳಿ ಸಂವರ್ಧನ ಕೇಂದ್ರವು ಆ ಪರಂಪರೆಯನ್ನು ಮುಂದುವರಿಸಿತು. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು, ಮುಖ್ಯವಾಗಿ ಅಲ್ಲಿಯ ಕೃಷ್ಣಮೃಗಗಳ ಸಲುವಾಗಿ, 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿತವಾಯಿತು. ಉಳಿದ ಕಾವಲುಗಳಿಗೆ ಇಂತಹ ಭಾಗ್ಯ ಒದಗಲಿಲ್ಲ. ಮರವಿಲ್ಲದ ನೆಲವೆಲ್ಲ ಬೀಳುನೆಲವೆಂಬ ಭಾವನೆ ಬಲವಾಗಿರುವುದರಿಂದ, ಸದುದ್ದೇಶದಿಂದಲೇ ಎಷ್ಟೋ ಹುಲ್ಲುಗಾವಲುಗಳಿಗೆ ನೀಲಗಿರಿಯನ್ನೂ ಜಾಲಿಯನ್ನೂ ನೆಟ್ಟುದಾಯಿತು. ನೆರೆಯ ಚಿತ್ರದುರ್ಗದ ಚಳ್ಳಕೆರೆಯ ಕಾವಲುಗಳ ಸಹಸ್ರಾರು ಎಕರೆ ದೊಡ್ಡ ಸಂಸ್ಥೆಗಳಿಗೆ ಹಂಚಿಹೋಯಿತು. ನೆರಳು ದಟ್ಟವಾದಲ್ಲಿ ಹುಲ್ಲು ನಿಲ್ಲದು. ಹುಲ್ಲು ನಿಲ್ಲದಲ್ಲಿ ಸೆಳೆವ ಇಳಿಯದು. ಈ ಸಂಗತಿಯನ್ನು ಕುರಿ ಕಾಯುವವರು ನಮಗಿಂತ ಚೆನ್ನಾಗಿ ಬಲ್ಲರು. ನಾವು ವಾಡಿಕೆಯ ದಿಣ್ಣೆಯನ್ನೇರುತ್ತಿದ್ದುದನ್ನು ಕಂಡ ವೃದ್ಧನೊಬ್ಬನು, “ಈ ಕಿತ ಮೇಲ್ಗಡೆ ಹುಲ್ಲು ಹತ್ಲಿಲ್ಲ ಸ್ವಾಮಿ, ಹಳ್ಳದ್ ಕಡೀಗ್ ಹೋಗಿ ಕೂತ್ಕಳಿ, ಅಲ್ಲಿಳೀತವೆ” ಎಂದು ದಾರಿ ತೋರಿದನು. ಹಕ್ಕಿಗಳು ಅಲ್ಲಿಯೇ ಇಳಿದವು.

ಒಂದು ವರ್ಷದ ಎಣಿಕೆಗೆ ಏನು ಬೆಲೆ ಎಂದು ಕೇಳುವವರುಂಟು. ಒಂದೇ ವರ್ಷದ್ದಾದರೆ ನಿಜವಾಗಿಯೂ ಬೆಲೆ ಕಡಮೆ. ಮಳೆ ಚೆನ್ನಾಗಿ ಆದ ವರ್ಷ ಮಿಡತೆ ಹೆಚ್ಚು, ಹಕ್ಕಿ ಹೆಚ್ಚು; ಬರಗಾಲದಲ್ಲಿ ಅವು ಮುಂದಿನ ಸೀಮೆಗೆ ಹೊರಟುಹೋಗುತ್ತವೆ. ಗುಜರಾತಿನ ವೇಳಾವದರದ ಹುಲ್ಲುಗಾವಲಿನಲ್ಲಿ ರಾಜರ್ ಕ್ಲಾರ್ಕ್, ವಿಭು ಪ್ರಕಾಶ್ ಮೊದಲಾದವರು ನಡೆಸಿದ ಎಣಿಕೆ ಸೆಳೆವಗಳ ಮಟ್ಟಿಗೆ ವಿಶ್ವದಲ್ಲಿಯೇ ದೊಡ್ಡದೆಂದು 1998ರಲ್ಲಿ ಪ್ರಕಟವಾಯಿತು, ಆಂಧ್ರದಲ್ಲಿ ಟಿ. ಗಣೇಶ್ ಮತ್ತು ಅವರ ಜೊತೆಗಾರರು ಏಳು ಚಳಿಗಾಲಗಳ ಲೆಕ್ಕವನ್ನು 2000ದಲ್ಲಿ ಮುಂದಿಟ್ಟರು. ಮೊದಲನೆಯದು ನಮ್ಮನ್ನು ವಿಸ್ಮಯಗೊಳಿಸುತ್ತದೆ. ನನ್ನ ಆದರವಾದರೋ ಎರಡನೆಯದಕ್ಕೆ ಹೆಚ್ಚು. ಮಳೆಯ ಏರಿಳಿತವನ್ನೂ ಹಕ್ಕಿಯ ನಿಜವಾದ ಇಳಿತವನ್ನೂ ಬೇರ್ಪಡಿಸಿ ಹೇಳಬಲ್ಲುದು ಅದೇ ಹುಲ್ಲಿನ ಮುಂದೆ, ಅದೇ ತಿಂಗಳಿನಲ್ಲಿ, ವರ್ಷ ವರ್ಷವೂ ಕುಳಿತವರ ಪುಸ್ತಕ ಮಾತ್ರ. ಬಿಳಿ ಸೆಳೆವವು ಈಗಾಗಲೇ ಅಪಾಯದಂಚಿನ ಹಕ್ಕಿಗಳ ಪಟ್ಟಿಯನ್ನು ಸಮೀಪಿಸಿದೆ. ಯೂರೋಪಿನಲ್ಲಿ ಮಾಂಟೆಗು ಸೆಳೆವವು ಗೋದಿಯ ಹೊಲದಲ್ಲಿಯೇ ಗೂಡಿಡುವುದರಿಂದ ಕೊಯ್ಲಿನ ಯಂತ್ರಕ್ಕೆ ಮರಿಗಳು ಸಿಕ್ಕಿ ಸಾಯದಂತೆ, ಸ್ವಯಂಸೇವಕರು ಗೂಡುಗಳನ್ನು ಹುಡುಕಿ ಸುತ್ತ ಬೇಲಿ ಕಟ್ಟುತ್ತಾರೆ. ಬೇಸಗೆಯ ಮನೆಯನ್ನು ಅಲ್ಲಿಯವರು ನೋಡಿಕೊಂಡರೆ, ಚಳಿಗಾಲದ ಮನೆಯ ಲೆಕ್ಕ ನಮ್ಮ ಪಾಲಿನದು.

ಕಾರ್ತಿಕ ಮಾಸದಲ್ಲಿ ಆಕಾಶದ ಕಡೆಗೂ ಒಂದು ಕಣ್ಣಿರಲಿ. ಸೈಬೀರಿಯದಿಂದ ಹೊರಟು ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ತಂಗಿ, ಅಲ್ಲಿಂದ ಭರತಖಂಡದ ಪರ್ಯಾಯದ್ವೀಪವನ್ನು ದಾಟಿ, ಅರಬ್ಬೀ ಸಮುದ್ರವನ್ನು ಎಲ್ಲಿಯೂ ಇಳಿಯದೆ ಹಾಯ್ದು ಆಫ್ರಿಕವನ್ನು ಸೇರುವ ಅಮೂರ್ ಚಾಣವು ಹಾದುಹೋಗುವುದು ಈ ದಿನಗಳಲ್ಲಿಯೇ. 2013ರಲ್ಲಿ ಉಪಗ್ರಹದ ಯಂತ್ರವನ್ನು ಕಟ್ಟಿ ಹಾರಿಬಿಟ್ಟ ನಾಗಾ, ವೋಖಾ, ಪಾಂಗ್ತಿ ಎಂಬ ಮೂರು ಹಕ್ಕಿಗಳಿಂದ ಆ ದಾರಿಯ ವಿವರಗಳು ಇನ್ನಷ್ಟು ತಿಳಿದುಬಂದವು.

ಸ್ವಾತಿಯ ಮಳೆಯಿಂದ ಮಕರ ಸಂಕ್ರಾಂತಿಯವರೆಗೆ ಎಣಿಕೆಗೆ ಸಕಾಲ. ಬರಲಿಚ್ಛಿಸುವವರು ಮಾಸಲು ಬಣ್ಣದ ಬಟ್ಟೆಯುಟ್ಟು, ಕಂಬಳಿಯೊಂದನ್ನು ಹೊದ್ದು ಬರಲಿ. ಮೀಸಲು ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿಯನ್ನು ಪಡೆದಿರಲಿ. ನಾಯಿಯನ್ನು ಮನೆಯಲ್ಲಿಯೇ ಬಿಟ್ಟಿರಲಿ, ಏಕೆಂದರೆ ನೆಲದ ಮೇಲೆ ಮಲಗುವ ಹಕ್ಕಿಗೆ ಇರುಳಿನಲ್ಲಿ ನಾಯಿಗಿಂತ ದೊಡ್ಡ ಭಯವಿಲ್ಲ. ಕತ್ತಲಾದ ಮೇಲೆ ಹುಲ್ಲಿನ ಕಡೆಗೆ ಬ್ಯಾಟರಿಯ ಬೆಳಕನ್ನು ಹಾಯಿಸಬಾರದು. ಪುಸ್ತಕದಲ್ಲಿ ತಾರೀಖು, ಗಾಳಿಯ ದಿಕ್ಕು, ಹುಲ್ಲಿನ ಎತ್ತರ, ಮೊದಲ ಹಕ್ಕಿ ಇಳಿದ ಹೊತ್ತು, ಕೊನೆಯ ಹಕ್ಕಿ ಇಳಿದ ಹೊತ್ತು ಇವಿಷ್ಟನ್ನು ಬರೆದುಕೊಳ್ಳಬೇಕು. ಒಂದೂ ಬಾರದ ಸಂಜೆಯಲ್ಲಿ ಆ ತಾರೀಖಿನ ಎದುರಿಗೆ ಸೊನ್ನೆಯನ್ನು ತಪ್ಪದೆ ಹಾಕಬೇಕು.