ಕೂಡುಕಥನ ಮತ್ತು ಸಾವಿನ ತಿದ್ದುಪಡಿ: ‘ಸೂಪರ್ ರೋಬೋಟ್ ವಾರ್ಸ್’ ಆಟಮಾಲೆಯ ತೌಲನಿಕ ಪರಿಶೀಲನೆ

ಪ್ರವೇಶ

ಬೇರೆ ಬೇರೆ ಕಥೆಗಳಿಗೆ ಸೇರಿದ ವೀರರನ್ನು ಒಂದೇ ಕಥನದೊಳಗೆ ತಂದು ನಿಲ್ಲಿಸುವುದು ಜಗತ್ತಿನ ಅನೇಕ ಕಥನ ಪರಂಪರೆಗಳಲ್ಲಿ ಕಂಡುಬರುವ ಪ್ರವೃತ್ತಿಯಾಗಿದೆ. ಇಂತಹ ಕಥನವನ್ನು ಇಲ್ಲಿ ‘ಕೂಡುಕಥನ’ ಎಂದು ಕರೆಯಲಾಗಿದೆ. ಕೂಡುಕಥನದ ಅಧ್ಯಯನದಲ್ಲಿ ಎರಡು ಪ್ರಶ್ನೆಗಳು ಅನಿವಾರ್ಯವಾಗಿ ಎದುರಾಗುತ್ತವೆ. ಕಥೆಗಳನ್ನು ಒಂದುಗೂಡಿಸುವ ಎಳೆ ಯಾವುದು? ಒಂದುಗೂಡಿದ ಮೇಲೆ ಪ್ರತಿ ಕಥೆಯ ಮುಕ್ತಾಯಕ್ಕೆ, ವಿಶೇಷವಾಗಿ ಅದರೊಳಗಿನ ಸಾವಿಗೆ, ಏನಾಗುತ್ತದೆ? ಜಪಾನಿನಲ್ಲಿ ೧೯೯೧ರಿಂದ ಪ್ರಕಟವಾಗುತ್ತಿರುವ ‘ಸೂಪರ್ ರೋಬೋಟ್ ವಾರ್ಸ್’ ಎಂಬ ವಿಡಿಯೋ ಆಟಗಳ ಮಾಲೆಯು ಈ ಎರಡೂ ಪ್ರಶ್ನೆಗಳನ್ನು ಪರೀಕ್ಷಿಸಲು ತಕ್ಕ ಸಾಮಗ್ರಿಯನ್ನು ಒದಗಿಸುತ್ತದೆ. ಮಾಲೆಯ ಕೆಲವು ಮುಖ್ಯ ಕೃತಿಗಳನ್ನು ಆ ದೃಷ್ಟಿಯಿಂದ ಹೋಲಿಸಿ ನೋಡುವುದು ಪ್ರಸ್ತುತ ಬರಹದ ಉದ್ದೇಶ.

ಆಟದ ಸ್ವರೂಪವನ್ನು ಮೊದಲು ಗಮನಿಸಬೇಕು. ಚದುರಂಗದ ಹಾಸಿನಂತೆ ಚೌಕಗಳಾಗಿ ವಿಂಗಡಿಸಿದ ರಣಭೂಮಿಯಲ್ಲಿ ಆಟಗಾರನ ಪಡೆ ಮತ್ತು ವೈರಿಪಡೆ ಸರದಿಯಂತೆ ನಡೆ ಇಡುತ್ತವೆ. ಪ್ರತಿ ಕಾಳಗದ ಮೊದಲೂ ನಂತರವೂ ಪಾತ್ರಗಳ ಸಂಭಾಷಣೆಯ ಮೂಲಕ ಕಥೆ ಮುಂದುವರಿಯುತ್ತದೆ. ಪಡೆಯಲ್ಲಿರುವವರು ಜಪಾನಿ ಅನಿಮೇಷನ್ ಧಾರಾವಾಹಿಗಳ ದೈತ್ಯ ರೋಬೋಟ್‌ಗಳು ಮತ್ತು ಅವುಗಳ ಚಾಲಕರು. ೧೯೭೨ರ ‘ಮಜಿಂಗರ್ ಜೆಡ್’, ೧೯೭೪ರ ‘ಗೆಟರ್ ರೋಬೊ’ ಹಾಗೂ ೧೯೭೯ರ ‘ಗಂಡಮ್’ ಈ ಆಟಮಾಲೆಯ ಮೂರು ಆಧಾರಸ್ತಂಭಗಳು. ಮೂಲದಲ್ಲಿ ಇವುಗಳ ಗಾತ್ರ ಒಂದೇ ಅಲ್ಲ. ಗಂಡಮ್‌ನ ಎತ್ತರ ೧೮ ಮೀಟರ್, ಕಾಂಬ್ಯಾಟ್ಲರ್ ವಿ ೫೭ ಮೀಟರ್, ಇಡಿಯಾನ್ ೧೦೫ ಮೀಟರ್. ಆಟದ ಹಾಸಿನ ಮೇಲೆ ಮಾತ್ರ ಇವೆಲ್ಲವೂ ದೊಡ್ಡ ತಲೆಯ, ಗಿಡ್ಡ ಮೈಯ ಗೊಂಬೆಗಳಾಗಿ ಬಹುಮಟ್ಟಿಗೆ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಇದನ್ನು ಕೇವಲ ಚಿತ್ರಶೈಲಿಯ ಪ್ರಶ್ನೆಯೆಂದು ತಳ್ಳಿಹಾಕುವಂತಿಲ್ಲ. ಕೂಡಿದ ವೀರರಲ್ಲಿ ಯಾರೂ ಇನ್ನೊಬ್ಬರ ಕಥೆಗೆ ಅಧೀನರಲ್ಲ ಎಂಬ ಒಪ್ಪಂದವು ಇಲ್ಲಿ ಕಣ್ಣಿಗೆ ಕಾಣುವ ರೂಪ ಪಡೆದಿದೆ.

ಕಬುಕಿಯ ಪೂರ್ವನಿದರ್ಶನ

ಈ ಕೂಡಿಕೆಯು ಯಂತ್ರಯುಗದ ಸೃಷ್ಟಿಯಲ್ಲ. ಎದೋ ಕಾಲದ ಕಬುಕಿ ರಂಗಭೂಮಿಯು ‘ಸೆಕೈ’ ಮತ್ತು ‘ಶುಕೋ’ ಎಂಬ ಎರಡು ಪರಿಕಲ್ಪನೆಗಳನ್ನು ರೂಢಿಸಿಕೊಂಡಿತ್ತು. ಪ್ರೇಕ್ಷಕರಿಗೆ ಮೊದಲೇ ಪರಿಚಿತವಾದ ಪಾತ್ರಗಳ, ಘಟನೆಗಳ, ಕಾಲದ ಒಟ್ಟು ಚೌಕಟ್ಟು ‘ಸೆಕೈ’, ಅಂದರೆ ಲೋಕ. ಆ ಲೋಕದೊಳಗೆ ನಾಟಕಕಾರನು ತರುವ ಹೊಸ ಹೂಟ ‘ಶುಕೋ’. ಎರಡು ಅಥವಾ ಹೆಚ್ಚು ಲೋಕಗಳನ್ನು ಹುರಿಯ ಎಳೆಗಳಂತೆ ಹೆಣೆಯುವ ಕ್ರಮಕ್ಕೆ ‘ನೈಮಜೆ’ ಎಂಬ ಹೆಸರಿದ್ದಿತು. ನಾಲ್ಕನೆಯ ತ್ಸುರುಯಾ ನಾನ್‌ಬೊಕು ಇದರಲ್ಲಿ ಪ್ರಸಿದ್ಧನಾಗಿದ್ದನು. ಆತನ ‘ಯೊತ್ಸುಯಾ ಕೈದಾನ್’ ಎಂಬ ಪ್ರೇತಕಥೆಯ ನಾಟಕವು ೧೮೨೫ರಲ್ಲಿ ಮೊದಲು ಪ್ರದರ್ಶಿತವಾದಾಗ, ಸ್ವಾಮಿನಿಷ್ಠೆಯ ಕಥೆಯಾದ ‘ಚೂಶಿಂಗುರಾ’ದೊಂದಿಗೆ ಜೋಡಿಯಾಗಿ ರಂಗವೇರಿತು. ಒಂದರಲ್ಲಿ ಒಡೆಯನಿಗಾಗಿ ಪ್ರಾಣ ಕೊಡುವ ಯೋಧರಿದ್ದರೆ, ಇನ್ನೊಂದರಲ್ಲಿ ಅದೇ ಒಡೆಯನ ಮನೆತನಕ್ಕೆ ಸೇರಿದವನೊಬ್ಬ ಹೆಂಡತಿಗೆ ದ್ರೋಹ ಬಗೆಯುತ್ತಾನೆ. ಒಂದು ಕಥೆಯು ಇನ್ನೊಂದನ್ನು ಪ್ರಶ್ನಿಸುವಂತೆ ಮಾಡಿದ್ದೇ ಈ ಜೋಡಣೆಯ ಸತ್ವ. ಕೂಡಿಸಿದ ಕಥೆಗಳು ಅಕ್ಕಪಕ್ಕ ಇದ್ದರೆ ಸಾಲದು, ಅವು ಪರಸ್ಪರ ಉತ್ತರಿಸಬೇಕು ಎಂಬ ಅಳತೆಗೋಲನ್ನು ಇದರಿಂದ ಪಡೆಯಬಹುದು.

ಪಾಠಾಂತರದ ಪರಿಕಲ್ಪನೆಯ ಬಗೆಗೂ ಒಂದು ಮಾತು ಅಗತ್ಯ. ರಾಮಾಯಣಗಳನ್ನು ಕುರಿತ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಎ.ಕೆ. ರಾಮಾನುಜನ್ ಅವರು ‘ಪಾಠಾಂತರ’ ಎಂಬ ಮಾತಿಗಿಂತ ‘ಹೇಳಿಕೆ’ ಎಂಬರ್ಥದ ಪದವನ್ನು ಆರಿಸಿಕೊಂಡರು. ಪಾಠಾಂತರ ಎಂದೊಡನೆ ಎಲ್ಲೋ ಒಂದು ಮೂಲಪಾಠವಿದೆ ಎಂದು ಒಪ್ಪಿದಂತಾಗುತ್ತದೆ ಎಂಬುದು ಅವರ ಆಕ್ಷೇಪ. ಮೌಖಿಕ ಪರಂಪರೆಗೆ ಈ ಆಕ್ಷೇಪ ಸರಿಯಾಗಿ ಸಲ್ಲುತ್ತದೆ. ಈ ಆಟಮಾಲೆಯ ಸ್ಥಿತಿ ಬೇರೆ. ಇಲ್ಲಿ ಮೂಲಗಳು ದಿನಾಂಕಸಹಿತ ಮುದ್ರಿತವಾಗಿವೆ, ಆಟಗಾರರಲ್ಲಿ ಬಹುಮಂದಿ ಅವನ್ನು ನೋಡಿದ್ದಾರೆ. ಆದ್ದರಿಂದ ಆಟದಲ್ಲಿ ನಡೆಯುವ ಪ್ರತಿಯೊಂದು ಬದಲಾವಣೆಯೂ ಬದಲಾವಣೆಯೆಂದೇ ಗುರುತಿಸಲ್ಪಡುತ್ತದೆ. ಮೂಲವನ್ನು ಬಲ್ಲವರೆದುರಿನಲ್ಲೇ ಮೂಲವನ್ನು ತಿದ್ದುವ ಸಾಹಸ ಇದಾಗಿದೆ.

ಎಳೆಯ ವಿಕಾಸ

ಬ್ಯಾನ್‌ಪ್ರೆಸ್ಟೊ ಸಂಸ್ಥೆಯು ೧೯೯೧ರ ಏಪ್ರಿಲ್‌ನಲ್ಲಿ ಗೇಮ್‌ಬಾಯ್ ಯಂತ್ರಕ್ಕಾಗಿ ಹೊರತಂದ ಮೊದಲ ಕೃತಿಯಲ್ಲಿ ಕೂಡಿಕೆಯುಂಟು, ಕಥನವಿಲ್ಲ. ಅಲ್ಲಿ ಚಾಲಕರೇ ಇಲ್ಲ. ರೋಬೋಟ್‌ಗಳೇ ಸ್ವತಂತ್ರ ಜೀವಿಗಳು. ಕಥೆಯಿಂದ ಬಿಡಿಸಿ ತೆಗೆದ ವೀರನಾಮಗಳ ಪಟ್ಟಿಯೊಂದು ಹಾಸಿನ ಮೇಲೆ ಚಲಿಸುತ್ತದೆ ಎನ್ನಬಹುದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಎರಡನೆಯ ಕೃತಿ ಚಾಲಕರನ್ನೂ ಸಂಭಾಷಣೆಯನ್ನೂ ತಂದಿತು. ಅದಕ್ಕಿಂತ ಮುಖ್ಯವಾಗಿ, ಯಾವ ಧಾರಾವಾಹಿಗೂ ಸೇರದ ಮಸಾಕಿ ಆಂದೊ ಮತ್ತು ಅವನ ಯಂತ್ರ ಸೈಬಸ್ಟರ್, ಎದುರಾಳಿ ಶೂ ಶಿರಕಾವಾ, ‘ಡಿವೈನ್ ಕ್ರುಸೇಡರ್ಸ್’ ಎಂಬ ಸೈನ್ಯದ ನಾಯಕ ಬಿಯಾನ್ ಜೋಲ್ದಾರ್ಕ್ ಇಲ್ಲಿ ಕಾಣಿಸಿಕೊಂಡರು. ಎರವಲು ತಂದ ಕಥೆಗಳನ್ನು ಪೋಣಿಸಲು ಆಟದವರು ತಾವೇ ಹೊಸೆದ ದಾರ ಇದು. ೧೯೯೩ರ ಮೂರನೆಯ ಹಾಗೂ ೧೯೯೫ರ ನಾಲ್ಕನೆಯ ಕೃತಿಗಳು ಈ ದಾರವನ್ನೇ ಮುಂದುವರಿಸಿದವು. ಆದರೆ ಇವುಗಳಲ್ಲಿ ಕೂಡಿಕೆಯ ಮುಖ್ಯ ಕಾರಣ ಸಮಾನ ಶತ್ರು. ವೈರಿಗಳು ಒಂದಾದ ಕಾರಣ ವೀರರೂ ಒಂದಾಗುತ್ತಾರೆ.

೨೦೦೦ದಲ್ಲಿ ಬಂದ ‘ಆಲ್ಫಾ’ ಈ ಸರಳ ಸೂತ್ರವನ್ನು ಮೀರಿತು. ಮ್ಯಾಕ್ರಾಸ್‌ನ ಜೆಂಟ್ರಾಡಿ ಸೇನೆ, ಎವಾಂಗೆಲಿಯನ್‌ನ ದೇವದೂತರು, ಗನ್‌ಬಸ್ಟರ್‌ನ ಬಾಹ್ಯಾಕಾಶ ಮೃಗಗಳು ತಂತಮ್ಮ ಮೂಲದಲ್ಲಿ ಮಾನವಕುಲದ ಏಕೈಕ ಗಂಡಾಂತರಗಳು. ‘ಆಲ್ಫಾ’ದಲ್ಲಿ ಅವು ಒಂದೇ ಭೂಮಿಯ ಮೇಲೆ ಒಂದರ ಬೆನ್ನಿಗೊಂದು ಎರಗುತ್ತವೆ. ಒಂದು ಕಥೆಯ ಅಂತ್ಯಕಾಲವು ಇನ್ನೊಂದು ಕಥೆಯ ಒಂದು ಅಧ್ಯಾಯವಾಗಿ ಮಾರ್ಪಡುತ್ತದೆ.

೨೦೦೧ರ ‘ಆಲ್ಫಾ ಗೈದೆನ್’ ಇನ್ನೂ ಸೂಕ್ಷ್ಮವಾದುದು. ‘ಜಬಂಗಲ್’ (೧೯೮೨), ‘ಗಂಡಮ್ ಎಕ್ಸ್’ (೧೯೯೬) ಮತ್ತು ‘ಟರ್ನ್ ಎ ಗಂಡಮ್’ (೧೯೯೯) ಧಾರಾವಾಹಿಗಳಿಗೆ ಪರಸ್ಪರ ಸಂಬಂಧವಿಲ್ಲದಿದ್ದರೂ ಒಂದು ಆಶಯ ಸಮಾನವಾಗಿದೆ. ಮೂರೂ ಮಹಾನಾಶದ ನಂತರದ ಲೋಕದಲ್ಲಿ ನಡೆಯುತ್ತವೆ. ಭೂಮಿಯತ್ತ ಧಾವಿಸುವ ಒಂದು ಆಘಾತದ ಅಲೆಯನ್ನು ತಡೆಯುವ ಯತ್ನದ ನಡುವೆ ವೀರರು ದೂರದ ಭವಿಷ್ಯಕ್ಕೆ ಎಸೆಯಲ್ಪಡುತ್ತಾರೆ. ಅಲ್ಲಿ ಅವರು ಕಾಣುವ ಪಾಳುಭೂಮಿ ಈ ಮೂರು ಕಥೆಗಳ ಲೋಕವೇ ಆಗಿದೆ. ಮೂರು ಬೇರೆ ಕಥೆಗಳ ನಾಶಕ್ಕೆ ಒಂದೇ ಕಾರಣವನ್ನು ಕೊಟ್ಟು, ಆ ಕಾರಣವನ್ನು ತಮ್ಮ ಕಾಲದಲ್ಲೇ ತಡೆಯುವ ಹೊಣೆಯನ್ನು ವೀರರ ಮೇಲೆ ಹೊರಿಸಲಾಗಿದೆ. ಇಲ್ಲಿ ಕೂಡಿಕೆ ನಡೆದಿರುವುದು ಆಶಯದ ಮಟ್ಟದಲ್ಲಿ. ಕಥೆಗಳು ಒಂದನ್ನೊಂದು ವಿವರಿಸುತ್ತವೆ.

ಇದಕ್ಕೆ ಹೋಲಿಸಿದರೆ ೨೦೧೮ರ ‘ಎಕ್ಸ್’ ಕೃತಿಯ ತಂತ್ರ ಸಡಿಲವೆನಿಸುತ್ತದೆ. ವಿವಿಧ ಕಥೆಗಳ ಪಾತ್ರಗಳನ್ನು ಅಲ್-ವಾರ್ತ್ ಎಂಬ ಮಾಂತ್ರಿಕ ನಾಡಿಗೆ ಸೆಳೆದು ತರಲಾಗುತ್ತದೆ. ತಮ್ಮ ನೆಲದ ಚರಿತ್ರೆಯಿಂದ ಬಿಡಿಸಿ ತಂದ ಪಾತ್ರಗಳಿಗೆ ಒಬ್ಬರ ಕಥೆಗೆ ಇನ್ನೊಬ್ಬರು ಉತ್ತರಿಸಬೇಕಾದ ಅಗತ್ಯವೇ ಕಡಿಮೆ. ೨೦೧೯ರ ‘ಟಿ’ಯಲ್ಲಿ ದೈತ್ಯ ರೋಬೋಟ್‌ಗಳೇ ಇಲ್ಲದ ‘ಕೌಬಾಯ್ ಬೀಬಾಪ್’ ಕೂಡ ಸೇರಿತು. ಮೂವತ್ತನೆಯ ವರ್ಷದ ನೆನಪಿಗೆ ೨೦೨೧ರಲ್ಲಿ ಬಂದ ‘೩೦’ ಎಂಬ ಕೃತಿಯು ಕಾಳಗಗಳ ಅನುಕ್ರಮವನ್ನು ಬಹುಮಟ್ಟಿಗೆ ಆಟಗಾರನ ಆಯ್ಕೆಗೆ ಬಿಟ್ಟಿತು. ಕೇಳುಗನಿಗೆ ಬೇಕಾದ ಭಾಗವನ್ನು ಬೇಕಾದಾಗ ಕೇಳುವ ಸ್ವಾತಂತ್ರ್ಯ ಇದು. ಮಲೆಯ ಮಾದೇಶ್ವರ ಕಾವ್ಯವನ್ನು ಹಾಡುವ ದೇವರಗುಡ್ಡರೂ ಸಂದರ್ಭಕ್ಕೆ ತಕ್ಕ ‘ಸಾಲು’ಗಳನ್ನಷ್ಟೇ ಆರಿಸಿ ಹಾಡುವುದುಂಟು. ಆದರೆ ಅಲ್ಲಿ ಉಳಿದ ಸಾಲುಗಳನ್ನು ಬಲ್ಲ ಸಮುದಾಯ ಎದುರಿಗಿರುತ್ತದೆ, ಇಡೀ ಕಾವ್ಯ ಒಬ್ಬನೇ ಮಾದೇವನ ಸುತ್ತ ನಿಂತಿರುತ್ತದೆ. ‘೩೦’ರಲ್ಲಿ ಯಾವ ಕ್ರಮಕ್ಕೂ ಹೊಂದಬೇಕಾದ ಕಾರಣ ಹಲವು ಪ್ರಸಂಗಗಳು ತಮ್ಮಷ್ಟಕ್ಕೆ ಆರಂಭವಾಗಿ ತಮ್ಮಷ್ಟಕ್ಕೆ ಮುಗಿಯುತ್ತವೆ. ಸ್ವಾತಂತ್ರ್ಯ ಹೆಚ್ಚಿದಂತೆ ಕಥೆಗಳ ನಡುವಿನ ಸಂವಾದ ತೆಳುವಾಗಿದೆ.

ಸಾವಿನ ತಿದ್ದುಪಡಿ

ಮೂಲದಲ್ಲಿ ಸಾಯುವ ಪಾತ್ರವನ್ನು ಬದುಕಿಸುವ ಅವಕಾಶವೇ ಈ ಆಟಮಾಲೆಯ ಅತ್ಯಂತ ಗಮನಾರ್ಹ ಲಕ್ಷಣ. ‘ಒಲಿಸು’ ಎಂಬ ಆಜ್ಞೆಯ ಚರಿತ್ರೆಯಲ್ಲಿ ಇದರ ಬೆಳವಣಿಗೆಯನ್ನು ಕಾಣಬಹುದು. ೧೯೯೧ರ ಮೊದಲ ಕೃತಿಯಲ್ಲಿ ವೈರಿಯ ಯಂತ್ರವನ್ನು ಮಾತಿನಿಂದ ಒಲಿಸಿದರೆ ಪಡೆಗೆ ಒಂದು ಕಾಯಿ ಹೆಚ್ಚುತ್ತಿತ್ತು, ಅಷ್ಟೇ. ಮುಂದೆ ಅದೇ ಆಜ್ಞೆ ಸಾವನ್ನು ತಪ್ಪಿಸುವ ಸಾಧನವಾಯಿತು.

ಫೋರ್ ಮುರಸಾಮೆಯ ಉದಾಹರಣೆ ಇಲ್ಲಿ ಮಹತ್ವದ್ದು. ೧೯೮೫ರ ‘ಜೀಟಾ ಗಂಡಮ್’ನಲ್ಲಿ ಈ ಹುಡುಗಿ ಯುದ್ಧಕ್ಕಾಗಿ ಕೃತಕವಾಗಿ ರೂಪಿಸಲ್ಪಟ್ಟ ಚಾಲಕಿ. ಅವಳ ಹೆಸರೇ ಒಂದು ಕ್ರಮಸಂಖ್ಯೆ. ವೈರಿಪಕ್ಷದ ಕಮಿಲ್ ಅವಳನ್ನು ಪ್ರೀತಿಸುತ್ತಾನೆ, ಆದರೂ ಅವಳು ಸಾಯುತ್ತಾಳೆ. ‘ಎಫ್’ನ ಅಂತಿಮ ಭಾಗದಲ್ಲಿ (೧೯೯೮) ಹಾಗೂ ‘ಆಲ್ಫಾ’ದಲ್ಲಿ ಅವಳನ್ನು ಉಳಿಸಿಕೊಳ್ಳಲು ಸಾಧ್ಯ. ಅದು ತಾನಾಗಿ ಒದಗುವ ಭಾಗ್ಯವಲ್ಲ. ಗೊತ್ತಾದ ಕಾಳಗದಲ್ಲಿ ಕಮಿಲ್‌ನೇ ಅವಳನ್ನು ಎದುರಿಸಬೇಕು, ಹೊಡೆಯುವ ಬದಲು ಮಾತಾಡಿಸಬೇಕು. ಅದು ತಪ್ಪಿದರೆ ಮೂಲದ ಸಾವೇ ಗತಿ. ಮೂಲಕಥೆಯನ್ನು ಬಲ್ಲವನಿಗೆ ಮಾತ್ರ ಅವಳತ್ತ ಕಮಿಲ್‌ನನ್ನು ಕಳುಹಿಸಬೇಕೆಂದು ಹೊಳೆಯುತ್ತದೆ. ಅಂದರೆ ಸಾವಿನ ನೆನಪೇ ಸಾವನ್ನು ತಪ್ಪಿಸುವ ಅರ್ಹತೆಯಾಗಿದೆ. ಈ ತಿದ್ದುಪಡಿಯು ಮೂಲದ ದುಃಖವನ್ನು ಅಳಿಸುವುದಿಲ್ಲ. ಬದುಕಿದ ಫೋರ್‌ಳ ಪಕ್ಕದಲ್ಲಿ ಸತ್ತ ಫೋರ್‌ಳೂ ಉಳಿದಿರುತ್ತಾಳೆ. ಯುದ್ಧವು ಸಂಖ್ಯೆಯಾಗಿಸಿದ ಹುಡುಗಿಯನ್ನು ಮಾತು ಮತ್ತೆ ಮನುಷ್ಯಳನ್ನಾಗಿಸಬಲ್ಲದು ಎಂಬ ಮೂಲದ ಆಶಯವೇ ಇಲ್ಲಿ ಪೂರ್ಣಗೊಂಡಿದೆ.

ಎಲ್ಲ ತಿದ್ದುಪಡಿಗಳೂ ಈ ಮಟ್ಟದವಲ್ಲ. ೧೯೯೬ರ ‘ನಡೆಸಿಕೊ’ ಧಾರಾವಾಹಿಯಲ್ಲಿ ಗೈ ದೈಗೋಜಿ ಎಂಬ ಚಾಲಕ ಹಳೆಯ ರೋಬೋಟ್ ಕಥೆಗಳ ಬಿಸಿರಕ್ತದ ವೀರನಂತೆ ಬದುಕಲು ಹಂಬಲಿಸುತ್ತಾನೆ. ಆದರೆ ಅವನು ಕಾಳಗದಲ್ಲಿ ಮಡಿಯುವುದಿಲ್ಲ. ಮೂರನೆಯ ಕಂತಿನಲ್ಲೇ ಅರ್ಥಹೀನವಾಗಿ ಗುಂಡಿಗೆ ಬಲಿಯಾಗುತ್ತಾನೆ. ವೀರಕಥೆಯು ಕೊಡುವ ಭರವಸೆಯನ್ನು ಯುದ್ಧವು ಉಳಿಸಿಕೊಡುವುದಿಲ್ಲ ಎಂಬುದೇ ಆ ಸಾವಿನ ವ್ಯಂಗ್ಯ. ೨೦೦೧ರ ‘ಎ’ ಕೃತಿಯಲ್ಲಿ ಅವನು ಬದುಕುಳಿದು, ತಾನು ಆರಾಧಿಸುತ್ತಿದ್ದಂತಹ ವೀರರ ಜೊತೆಗೇ ಹೋರಾಡಬಲ್ಲನು. ಆಟಗಾರನಿಗೆ ಇದು ಹಿತಕರ. ಆದರೆ ವ್ಯಂಗ್ಯವು ಇಲ್ಲಿ ಸೋತಿದೆ. ಮೂಲಕಥೆ ಯಾವುದನ್ನು ಪ್ರಶ್ನಿಸಿತ್ತೋ ಕೂಡುಕಥನ ಅದನ್ನೇ ದೃಢಪಡಿಸಿದೆ.

ಇವೆರಡರ ನಡುವೆ ೨೦೦೫ರ ‘ಮೂರನೆಯ ಆಲ್ಫಾ’ ‘ಇಡಿಯಾನ್’ ಕಥೆಯನ್ನು ನಡೆಸಿಕೊಂಡ ರೀತಿಯನ್ನು ಇಡಬಹುದು. ತೊಮಿನೊ ಯೊಶಿಯುಕಿಯ ಈ ಕಥೆ ೧೯೮೨ರ ಚಲನಚಿತ್ರದಲ್ಲಿ ಎರಡೂ ಜನಾಂಗಗಳ ಸಂಪೂರ್ಣ ನಾಶದೊಂದಿಗೆ ಮುಗಿಯುತ್ತದೆ. ಆಟದಲ್ಲಿ ಈ ಅಂತ್ಯವನ್ನು ತಪ್ಪಿಸಬಹುದು, ಆದರೆ ತೆಗೆದುಹಾಕಿಲ್ಲ. ಇಡೆ ಎಂಬ ಆ ಶಕ್ತಿ ಎಚ್ಚೆತ್ತು ಎಲ್ಲವನ್ನೂ, ಇತರ ಕಥೆಗಳ ವೀರರನ್ನೂ, ಕೊನೆಗಾಣಿಸುವ ಮುಕ್ತಾಯವೊಂದು ಆಟದೊಳಗೆ ಕಾದಿರುತ್ತದೆ. ಒಂದು ಕಥೆಯ ಸಾವು ಕೂಡಿದ ಎಲ್ಲ ಕಥೆಗಳ ಸಾವೂ ಆಗಬಲ್ಲದು ಎಂಬ ಅರಿವನ್ನು ಉಳಿಸಿಕೊಂಡ ಕಾರಣದಿಂದಲೇ ಅಲ್ಲಿನ ಶುಭಾಂತಕ್ಕೆ ತೂಕ ಬಂದಿದೆ.

ಲೋಕದ ಒಡೆತನ

ಕಬುಕಿಯ ಸೆಕೈ ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಈ ಆಟಮಾಲೆಯ ಪ್ರತಿ ಲೋಕಕ್ಕೂ ಹಕ್ಕುದಾರರಿದ್ದಾರೆ. ಯಾವ ವೀರ ಯಾರ ಜೊತೆ ಕೂಡಬೇಕೆಂಬುದು ಅನುಮತಿಯ ಪ್ರಶ್ನೆಯೂ ಹೌದು. ೨೦೦೨ರ ‘ಒರಿಜಿನಲ್ ಜನರೇಷನ್’ ಕೃತಿಯು ಎರವಲು ವೀರರನ್ನೆಲ್ಲ ಬಿಟ್ಟು, ಹಿಂದಿನ ಕೃತಿಗಳ ಪೋಣಿಸುವ ದಾರವನ್ನೇ ಕಥೆಯಾಗಿಸಿತು. ೧೯೯೧ರ ಬಿಯಾನ್ ಇಲ್ಲಿ ಮರಳಿ ಬಂದು, ಅನ್ಯಲೋಕದ ದಾಳಿಗೆ ಮಾನವರನ್ನು ಸಿದ್ಧಗೊಳಿಸಲು ತಾನೇ ಶತ್ರುವಾಗಿ ನಿಂತು ಸಾಯುವ ದುರಂತನಾಯಕನಾಗುತ್ತಾನೆ. ಪರರ ಹಕ್ಕಿನ ಕಥೆಗಳಿಲ್ಲದ ಈ ಕೃತಿಯೇ ೨೦೦೬ರಲ್ಲಿ ಅಮೆರಿಕದಲ್ಲಿ ಇಂಗ್ಲಿಷಿಗೆ ಬಂದ ಮಾಲೆಯ ಮೊದಲ ಕೃತಿಯಾದುದು ಆಕಸ್ಮಿಕವಲ್ಲ. ಎರವಲು ಕಥೆಗಳ ಮುಖ್ಯಕೃತಿಯೊಂದು ಇಂಗ್ಲಿಷ್ ಪಠ್ಯದೊಂದಿಗೆ ಸ್ಟೀಮ್ ಮಳಿಗೆಯ ಮೂಲಕ ಪಶ್ಚಿಮದ ಓದುಗರನ್ನು ತಲುಪಲು ೨೦೨೧ರ ‘೩೦’ರ ತನಕ ಕಾಯಬೇಕಾಯಿತು.

ಒಡೆತನದ ಈ ಬೇಲಿಯ ನಡುವೆಯೂ ಪರಂಪರೆಯ ಕೊಡುಕೊಳೆ ನಿಂತಿಲ್ಲ. ಮಜಿಂಗರ್‌ನ ಕರ್ತೃ ನಾಗೈ ಗೋ ಅವರ ವಿನ್ಯಾಸದ ‘ಮಜಿನ್‌ಕೈಸರ್’ ಎಂಬ ರೋಬೋಟ್ ಹುಟ್ಟಿದ್ದು ‘ಎಫ್’ ಆಟದ ಅಂತಿಮ ಭಾಗಕ್ಕಾಗಿ. ೨೦೦೧ರಲ್ಲಿ ಅದು ಸ್ವತಂತ್ರ ಅನಿಮೇಷನ್ ಕಥೆಯಾಯಿತು. ಪಾಠಾಂತರದಲ್ಲಿ ಜನಿಸಿದ ವೀರನು ಮೂಲ ಪರಂಪರೆಯನ್ನು ಸೇರಿದನು.

ಸಮಾರೋಪ

೨೦೨೫ರಲ್ಲಿ ಪ್ರಕಟವಾದ ‘ವೈ’ಯಲ್ಲಿ ಗಾಡ್ಜಿಲ್ಲಾನ ಕಥೆಯೂ ಸೇರಿಕೊಂಡಿದೆ. ಕೂಡಬಲ್ಲ ಲೋಕಗಳ ಎಲ್ಲೆ ಹಿಗ್ಗುತ್ತಲೇ ಇದೆ. ಆದರೆ ಮೇಲಿನ ಹೋಲಿಕೆಯಿಂದ ವ್ಯಕ್ತವಾಗುವಂತೆ, ಕೂಡುಕಥನದ ಮೌಲ್ಯವನ್ನು ಕೂಡಿದ ಕಥೆಗಳ ಸಂಖ್ಯೆಯಿಂದ ಅಳೆಯಲಾಗದು. ಕಥೆಗಳು ಒಂದಕ್ಕೊಂದು ಕಾರಣವಾದಾಗ ‘ಆಲ್ಫಾ ಗೈದೆನ್’ನಂತಹ ಕೃತಿ ಮೂಡುತ್ತದೆ. ಅವು ಕೇವಲ ನೆರೆಹೊರೆಯಾದಾಗ ಪಟ್ಟಿ ಬೆಳೆಯುತ್ತದೆ. ಸತ್ತವರನ್ನು ಬದುಕಿಸಬೇಕೆಂಬುದು ಕಥೆ ಕೇಳುವ ಎಲ್ಲರ ಆಸೆ. ಅದನ್ನು ಈಡೇರಿಸುವಾಗ ಆ ಸಾವು ಏನನ್ನು ಹೇಳುತ್ತಿತ್ತು ಎಂಬುದನ್ನು ಮರೆಯದ ಕೃತಿಗಳೇ ಈ ಆಟಮಾಲೆಯಲ್ಲಿ ಶ್ರೇಷ್ಠವಾದವು. ಫೋರ್‌ಳನ್ನು ಉಳಿಸುವ ಕೃತಿಗೂ ಗೈಯನ್ನು ಉಳಿಸುವ ಕೃತಿಗೂ ಇರುವ ಅಂತರ ಇದೇ ಆಗಿದೆ.